ಕುಣಿಯಲು ಜಾಗವಿಲ್ಲದ ವರ್ಷದ ಹತ್ತು ಆಲ್ಬಮ್‌ಗಳು

ವರ್ಷದ ಕೊನೆಯ ಭಾನುವಾರ ನಾನೂ ನನ್ನ ತಂಗಿಯೂ ಆ ವರ್ಷ ಬಂದ ಪಾಪ್ ಮತ್ತು ಎಲೆಕ್ಟ್ರಾನಿಕ್ ನೃತ್ಯಸಂಗೀತದ ಆಲ್ಬಮ್‌ಗಳಲ್ಲಿ ಹತ್ತನ್ನು ಆರಿಸಿ, ಒಂದರಿಂದ ಹತ್ತರವರೆಗೆ ಸ್ಥಾನ ಕೊಟ್ಟು, ಒಂದು ಹಾಳೆಯಲ್ಲಿ ಬರೆದಿಡುವ ರೂಢಿ ಕಾಲೇಜಿನ ದಿನಗಳಿಂದ ನಡೆದು ಬಂದಿದೆ. ಅವಳು ಮದುವೆಯಾಗಿ ಇಂಗ್ಲೆಂಡಿನ ಲೀಡ್ಸ್‌ಗೆ ಹೋದ ಮೇಲೂ ಡಿಸೆಂಬರಿನಲ್ಲಿ ಬೆಂಗಳೂರಿಗೆ ಬಂದಾಗ ಹನುಮಂತನಗರದ ನಮ್ಮ ಮನೆಯ ಹಾಲಿನಲ್ಲಿ ಕುಳಿತೇ ಪಟ್ಟಿ ಮುಗಿಸುತ್ತಿದ್ದೆವು. 2020ರಲ್ಲಿ ಅವಳಿಗೆ ಬರಲಾಗಲಿಲ್ಲ. ಡಿಸೆಂಬರ್ 27ರಂದು, ನಮ್ಮಲ್ಲಿ ಮಧ್ಯಾಹ್ನ ಮೂರೂವರೆಯಾಗಿದ್ದಾಗ, ಅಲ್ಲಿ ಆಗಷ್ಟೇ ಬೆಳಗಿನ ಹತ್ತು ಗಂಟೆಯ ಕಾಫಿ ಹಿಡಿದು ಕುಳಿತಿದ್ದ ಅವಳು ವಿಡಿಯೊ ಕರೆ ಮಾಡಿದಳು.

ಆ ವರ್ಷದ ಪಟ್ಟಿ ಹಿಂದಿನವುಗಳಷ್ಟು ಸುಲಭವಾಗಿರಲಿಲ್ಲ. ನೃತ್ಯಸಂಗೀತವನ್ನು ನಾವು ಅಳೆಯುತ್ತಿದ್ದ ರೀತಿಯೇ ಬೇರೆ: ಹತ್ತು ಜನ ಸೇರಿದ ಕಡೆ ಆ ಹಾಡು ಹಾಕಿದರೆ ಕಾಲುಗಳು ಏನು ಮಾಡುತ್ತವೆ ಎಂಬುದನ್ನು ನೋಡಿ ಸ್ಥಾನ ಕೊಡುತ್ತಿದ್ದೆವು. 2020ರಲ್ಲಿ ಹತ್ತು ಜನ ಸೇರುವ ಜಾಗವೇ ಉಳಿದಿರಲಿಲ್ಲ. ಯುಗಾದಿಯ ದಿನ, ಮಾರ್ಚ್ 25ರಂದು, ದೇಶಕ್ಕೆ ದೇಶವೇ ಬಾಗಿಲು ಹಾಕಿತು. ಅದಾದ ಎರಡೇ ದಿನಕ್ಕೆ ದುವಾ ಲಿಪಾಳ ‘ಫ್ಯೂಚರ್ ನಾಸ್ಟಾಲ್ಜಿಯಾ’ ಬಂತು. ಏಪ್ರಿಲ್ 3ಕ್ಕೆ ಬರಬೇಕಾಗಿದ್ದ ಆಲ್ಬಮ್ ಒಂದು ವಾರ ಮೊದಲೇ ಬಂದರೆ, ಏಪ್ರಿಲ್ 10ಕ್ಕೆ ನಿಗದಿಯಾಗಿದ್ದ ಲೇಡಿ ಗಾಗಾಳ ‘ಕ್ರೊಮ್ಯಾಟಿಕಾ’ ಮೇ 29ಕ್ಕೆ ಹೋಯಿತು. ಒಬ್ಬಳು ಜನಕ್ಕೆ ಈಗಲೇ ಬೇಕು ಎಂದುಕೊಂಡಳು, ಇನ್ನೊಬ್ಬಳು ಈಗ ಹೊತ್ತಲ್ಲ ಎಂದುಕೊಂಡಳು. ಎರಡೂ ನನಗೆ ಅರ್ಥವಾಗುತ್ತವೆ. ಆದರೆ ಎರಡನ್ನೂ ನಾನು ಕೇಳಿದ್ದು ಹೆಡ್‌ಫೋನಿನಲ್ಲಿ, ಮನೆಯವರೆಲ್ಲ ಮಲಗಿದ ಮೇಲೆ, ಅಡುಗೆಮನೆಯ ಕಟ್ಟೆಗೆ ಒರಗಿಕೊಂಡು.

ಮೊದಲ ಜಗಳ ರೋಷೀನ್ ಮರ್ಫಿಯ ‘ರೋಷೀನ್ ಮಷೀನ್’ ಬಗ್ಗೆ ಎದ್ದಿತು. ತಂಗಿ ಅದನ್ನು ಒಂದನೆಯ ಸ್ಥಾನದಲ್ಲಿಟ್ಟಿದ್ದಳು. ಅಕ್ಟೋಬರಿನಲ್ಲಿ ಬಂದ ಈ ಆಲ್ಬಮ್ಮಿನ ಮೊದಲ ಹಾಡು ‘ಸಿಮ್ಯುಲೇಷನ್’ 2012ರಷ್ಟು ಹಳೆಯದು. ಕೊನೆಯ ‘ಜೆಲಸಿ’ 2015ರದು. ಎಂಟು ವರ್ಷದ ಹಿಂದಿನ ಹಾಡಿಗೆ ಈ ವರ್ಷದ ಸ್ಥಾನ ಹೇಗೆ ಕೊಡುವುದು ಎಂದು ನಾನು ಪಟ್ಟು ಹಿಡಿದೆ. “ಅಣ್ಣಾ, ಹಾಡು ಹಳೇದಿರಬಹುದು, ಆದ್ರೆ ಇವೆಲ್ಲ ಒಟ್ಟಿಗೆ ಕೂತಿದ್ದು ಈ ವರ್ಷಾನೇ. ಒಂದು ಮುಗಿದು ಇನ್ನೊಂದು ಶುರುವಾಗೋ ಜಾಗ ಕೇಳಿದ್ದೀಯಾ ನೀನು?” ಎಂದಳು. ನಿಜಕ್ಕೂ ನಾನು ಆ ಜಾಗಗಳನ್ನು ಗಮನವಿಟ್ಟು ಕೇಳಿರಲಿಲ್ಲ. ಶೆಫೀಲ್ಡಿನ ಸಂಗೀತ ನಿರ್ಮಾಪಕ ರಿಚರ್ಡ್ ಬ್ಯಾರಟ್ ಜೊತೆ ಸೇರಿ ರೋಷೀನ್ ಮಾಡಿದ ಆಲ್ಬಮ್ ಅದು. ತಂಗಿಯ ಲೀಡ್ಸಿನಿಂದ ಶೆಫೀಲ್ಡ್ ಹೆಚ್ಚು ದೂರವಿಲ್ಲ, ಆ ಅಭಿಮಾನವೂ ಮಾತಿನಲ್ಲಿತ್ತು. ಬಿಡಿಹಾಡು ಯಾವಾಗ ಬಂದಿದ್ದರೂ ಆಲ್ಬಮ್ಮಾಗಿ ಈ ವರ್ಷ ಬಂದಿದ್ದರೆ ಲೆಕ್ಕಕ್ಕೆ ಸೇರಿಸಬೇಕು ಎಂದು ಹಾಳೆಯ ಅಂಚಿನಲ್ಲಿ ಬರೆದುಕೊಂಡೆ. 2019ರ ನವೆಂಬರಿನಲ್ಲೇ ಬಂದಿದ್ದ ‘ಬ್ಲೈಂಡಿಂಗ್ ಲೈಟ್ಸ್’ ಹಾಡನ್ನೊಳಗೊಂಡ ದಿ ವೀಕೆಂಡ್‌ನ ‘ಆಫ್ಟರ್ ಅವರ್ಸ್’ಗೂ ಅದರಿಂದ ದಾರಿ ಸಲೀಸಾಯಿತು.

ನನ್ನ ಒಂದನೆಯ ಸ್ಥಾನದಲ್ಲಿ ಇದ್ದದ್ದು ಚಾರ್ಲಿ ಎಕ್ಸ್‌ಸಿಎಕ್ಸ್‌ಳ ‘ಹೌ ಐ ಆ್ಯಮ್ ಫೀಲಿಂಗ್ ನೌ’. ಏಪ್ರಿಲ್ 6ರಂದು ಘೋಷಿಸಿ, ಲಾಸ್ ಏಂಜಲೀಸಿನ ಮನೆಯೊಳಗೇ ಹಾಡಿ, ಸಾಲುಗಳನ್ನು ಅಭಿಮಾನಿಗಳ ಮುಂದಿಟ್ಟು ಅವರ ಅಭಿಪ್ರಾಯ ಕೇಳಿ ತಿದ್ದುತ್ತ, ಮೇ 15ಕ್ಕೆ ಬಿಡುಗಡೆ ಮಾಡಿದ ಆಲ್ಬಮ್. ಮೂವತ್ತೊಂಬತ್ತು ದಿನ. ಅದರ ಒಡೆದುಹೋದಂಥ ಸದ್ದು, ಗೆಳೆಯರನ್ನೂ ರಾತ್ರಿಯ ಗದ್ದಲವನ್ನೂ ನೆನೆದು ಕೂಗುವ ‘ಆಂಥಮ್ಸ್’, ಇವು ಆ ತಿಂಗಳುಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದವು. ಅದನ್ನು ಇಂದಿಗೂ ದೊಡ್ಡ ಕೆಲಸವೆಂದೇ ನಂಬುತ್ತೇನೆ. “ಆದ್ರೆ ಅದು ಕುಣಿಯೋಕಾ, ಅಳೋಕಾ?” ಎಂದು ತಂಗಿ ಕೇಳಿದಳು. ಉತ್ತರ ಹೊಳೆಯದೆ ನಾನು ಹೆಡ್‌ಫೋನನ್ನು ತೆಗೆದಿಟ್ಟು, ಅಟ್ಟದಿಂದ ಹಳೆಯ ಎರಡು ಸ್ಪೀಕರುಗಳನ್ನು ಇಳಿಸಿ, ಧೂಳು ಒರೆಸಿ, ಹಾಲಿನ ಗೋಡೆಯ ಬದಿಗೆ ಎರಡು ಮಣೆಗಳ ಮೇಲೆ ಇಟ್ಟೆ.

ಅವರೆಕಾಯಿಯ ಕಾಲ. ಅಮ್ಮ ಹಾಲಿನಲ್ಲೇ ಕಾಲು ಚಾಚಿ ಕುಳಿತು, ನೆನೆಸಿದ ಅವರೆಕಾಳನ್ನು ಹಿತುಕುತ್ತಿದ್ದಳು. ಚಾರ್ಲಿಯ ಆಲ್ಬಮ್ ಹಾಕಿದಾಗ ಅವಳ ಕೈ ತನ್ನ ಪಾಡಿಗೆ ತಾನಿತ್ತು. ‘ಫ್ಯೂಚರ್ ನಾಸ್ಟಾಲ್ಜಿಯಾ’ದ ‘ಡೋಂಟ್ ಸ್ಟಾರ್ಟ್ ನೌ’ ಹಾಕಿದೆ. ಅದರ ಬೇಸ್ ಗಿಟಾರಿನ ಎಳೆ ಬಂದ ಕ್ಷಣ ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಕವುಚಿಟ್ಟ ಸ್ಟೀಲ್ ಲೋಟಗಳು ಸಣ್ಣಗೆ ನಡುಗಿದವು. ಒಂಬತ್ತು ತಿಂಗಳು ಕಿವಿಯಲ್ಲಿ ಕೇಳಿದ್ದ ಹಾಡನ್ನು ಆಗ ಮೊದಲ ಸಲ ಎದೆಯಲ್ಲಿ ಕೇಳಿದೆ.

ಆಮೇಲೆ ಜೂನ್ 26ರಂದು ಬಂದಿದ್ದ ಜೆಸ್ಸಿ ವೇರ್‌ಳ ‘ವಾಟ್ಸ್ ಯುವರ್ ಪ್ಲೆಷರ್’. ಹೆಡ್‌ಫೋನಿನಲ್ಲಿ ಅದು ನನಗೆ ಹಳೆಯ ಡಿಸ್ಕೊವಿನ ಅಚ್ಚುಕಟ್ಟಾದ ಅನುಕರಣೆಯಂತೆ ಕೇಳಿಸಿ ಆರನೆಯ ಸ್ಥಾನಕ್ಕೆ ಇಳಿದಿತ್ತು. ಮೊದಲ ಹಾಡು ‘ಸ್ಪಾಟ್‌ಲೈಟ್’ ಪಿಟೀಲುಗಳೊಂದಿಗೆ ನಿಧಾನವಾಗಿ ತೆರೆದುಕೊಳ್ಳುತ್ತದೆ, ತಾಳ ತಡವಾಗಿ ಸೇರುತ್ತದೆ. ತಾಳ ಸೇರಿದ ಮೇಲೆ ಅಮ್ಮನ ಹೆಬ್ಬೆರಳನ್ನು ನೋಡಿದೆ. ಒಂದು ಪೆಟ್ಟಿಗೆ ಒಂದು ಕಾಳು. ಸಿಪ್ಪೆ ಎಡಕ್ಕೆ, ಹಸಿರು ಬೇಳೆ ಪಾತ್ರೆಗೆ, ಒಂದೂ ತಪ್ಪದಂತೆ. ಅವಳಿಗೆ ಅದರ ಅರಿವಿರಲಿಲ್ಲ. ನಾನು ಫೋನನ್ನು ಅವಳ ಕೈಯ ಕಡೆ ತಿರುಗಿಸಿದೆ. ಲೀಡ್ಸಿನಲ್ಲಿ ತಂಗಿ ಬಾಯಿಯ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದಳು. ಹಾಡು ಮುಗಿದಾಗ ಅಮ್ಮ ತಲೆಯೆತ್ತಿ, “ಇದು ಚೆನ್ನಾಗಿದ್ಯಲ್ಲೋ, ಇನ್ನೊಂದ್ಸಲ ಹಾಕು” ಎಂದಳು. ನಿರ್ಮಾಪಕ ಜೇಮ್ಸ್ ಫೋರ್ಡ್ ಆ ಆಲ್ಬಮ್ಮಿನಲ್ಲಿ ಸದ್ದುಗಳ ನಡುವೆ ಬಿಟ್ಟಿರುವ ಗಾಳಿಯಾಡುವ ಜಾಗ ಕೋಣೆಯಲ್ಲಿ ಕೇಳಿದರೆ ಮಾತ್ರ ತಿಳಿಯುತ್ತದೆ. ನಾನು ಅದಕ್ಕೆ ಅನ್ಯಾಯ ಮಾಡಿದ್ದೆ.

ಉಳಿದವು ಬೇಗ ಮುಗಿದವು. ಕೈಲಿ ಮಿನೋಗ್ ಲಂಡನ್ನಿನ ಮನೆಯಲ್ಲೇ ರೆಕಾರ್ಡಿಂಗ್ ಕಲಿತು ತನ್ನ ದನಿಯನ್ನು ತಾನೇ ದಾಖಲಿಸಿಕೊಂಡ ‘ಡಿಸ್ಕೊ’ ಐದನೆಯದಾಯಿತು, ‘ಕ್ರೊಮ್ಯಾಟಿಕಾ’ ಆರನೆಯದು. ಆಗಸ್ಟ್ 28ರ ಒಂದೇ ದಿನ ಬಂದಿದ್ದ ಡಿಸ್ಕ್ಲೋಷರ್ ಸಹೋದರರ ‘ಎನರ್ಜಿ’ಗಿಂತ ಕೆಲ್ಲಿ ಲೀ ಓವೆನ್ಸ್‌ಳ ‘ಇನ್ನರ್ ಸಾಂಗ್’ ಮೇಲಿರಬೇಕೆಂದು ನಾನು ಹಟ ಮಾಡಿದೆ, ಏಕೆಂದರೆ ಅದರಲ್ಲಿ ವೇಲ್ಸ್‌ನ ಹಿರಿಯ ಸಂಗೀತಗಾರ ಜಾನ್ ಕೇಲ್ ಅಲ್ಲಿಯ ವೆಲ್ಶ್ ಭಾಷೆಯ ಸಾಲುಗಳನ್ನು ನುಡಿಯುವ ಹಾಡೊಂದಿದೆ. ದೊಡ್ಡ ಭಾಷೆಯೊಂದರ ಪಕ್ಕದಲ್ಲಿ ಬದುಕುವ ನುಡಿಯೊಂದು ಸಿಂಥಸೈಜರಿನ ಗುಂಗಿನೊಳಗೆ ಕೇಳಿಸಿದಾಗ ಕನ್ನಡದವನಾದ ನನ್ನ ಮೈ ಜುಮ್ಮೆಂದಿತ್ತು. ತಂಗಿ ಅದನ್ನು ಮರುಮಾತಿಲ್ಲದೆ ಒಪ್ಪಿದಳು. ಒಂಬತ್ತಕ್ಕೆ ‘ಆಫ್ಟರ್ ಅವರ್ಸ್’, ಹತ್ತಕ್ಕೆ ಕ್ಯಾರಿಬೂವಿನ ‘ಸಡನ್ಲಿ’.

ಮೇಲಿನ ನಾಲ್ಕಕ್ಕೆ ಮತ್ತೊಂದು ಗಂಟೆ ಹಿಡಿಯಿತು. ನಮ್ಮ ಸ್ಪೀಕರಿನ ಸದ್ದು ಕರೆಯ ಮೂಲಕ ಅವಳಿಗೆ ತಡವಾಗಿಯೂ ಹರಿದೂ ಕೇಳಿಸುತ್ತಿದ್ದುದರಿಂದ, ಒಂದು, ಎರಡು, ಮೂರು ಎಂದು ಎಣಿಸಿ ಇಬ್ಬರೂ ಅವರವರ ಮನೆಯಲ್ಲಿ ‘ಸ್ಪಾಟ್‌ಲೈಟ್’ ಹಾಕಿ ಎದ್ದು ನಿಂತೆವು. ನಡುವೆ ಕರೆ ಕಡಿದುಹೋಯಿತು. ನಾನು ನಿಲ್ಲಿಸಲಿಲ್ಲ. ಒಂದು ನಿಮಿಷದ ಮೇಲೆ ಮತ್ತೆ ಸಿಕ್ಕಾಗ ಅವಳ ಕಡೆಯಿಂದಲೂ ನಮ್ಮ ಹಾಲಿನಲ್ಲಿದ್ದ ಸಾಲೇ ಕೇಳಿಸುತ್ತಿತ್ತು, ಅವಳೂ ನಿಲ್ಲಿಸಿರಲಿಲ್ಲ. ಹಾಳೆಯಲ್ಲಿ ಜೆಸ್ಸಿ ವೇರ್ ಹೆಸರನ್ನು ಒಂದನೆಯದಾಗಿ ಬರೆದೆ, ಎರಡಕ್ಕೆ ರೋಷೀನ್, ಮೂರಕ್ಕೆ ದುವಾ ಲಿಪಾ, ನಾಲ್ಕಕ್ಕೆ ಚಾರ್ಲಿ.