ಸೋತವರ ಮನೆಯಲ್ಲಿ ಗೆದ್ದವರ ಬಿಡಾರ

ಆಸ್ಟ್ರೇಲಿಯಾ ವಿರುದ್ಧದ ರಗ್ಬಿ ಲೀಗ್ ಸರಣಿ ಆ್ಯಷಸ್‌ನಲ್ಲಿ ಇಂಗ್ಲೆಂಡ್ ಮೂರಕ್ಕೆ ಮೂರೂ ಪಂದ್ಯ ಸೋತಿತು. 2025ರ ಅಕ್ಟೋಬರ್ 25ಕ್ಕೆ ವೆಂಬ್ಲಿಯಲ್ಲಿ 26–6, ನವೆಂಬರ್ 1ಕ್ಕೆ ಲಿವರ್‌ಪೂಲ್‌ನಲ್ಲಿ 14–4, ನವೆಂಬರ್ 8ಕ್ಕೆ ನಮ್ಮ ಲೀಡ್ಸ್‌ನ ಹೆಡಿಂಗ್ಲಿಯಲ್ಲಿ 30–8. ಗೆದ್ದದ್ದು ಆಸ್ಟ್ರೇಲಿಯಾ. ಅಷ್ಟೂ ದಿನ ಪಕ್ಕದ ಮನೆ ಅಜ್ಜಿಯ ಮಹಡಿ ಕೋಣೆಯಲ್ಲಿ ಬಿಡಾರ ಹೂಡಿದ್ದವರು ಆಸ್ಟ್ರೇಲಿಯಾದ ಗಂಡ ಹೆಂಡತಿ. ಹೋಟೆಲಿಗೆ ದುಡ್ಡಿಲ್ಲ ಅಂತಲ್ಲ. ಅಜ್ಜಿ ಬೇರೆಲ್ಲೂ ಇಳಿಯಲು ಬಿಡುವುದಿಲ್ಲ, ಅವರಿಗೂ ಬೇರೆ ಕಡೆ ಇಳಿಯುವ ಮನಸ್ಸಿಲ್ಲ. ನಮ್ಮಲ್ಲಿ ನೆಂಟರು ಬಂದರೆ ಹೇಗೋ ಹಾಗೆ ಅವರು ಬಂದರು, ಉಂಡರು, ಪಾತ್ರೆ ತೊಳೆದರು, ಬಾವುಟ ಹಿಡಿದು ಎದುರು ತಂಡಕ್ಕೆ ಜೈಕಾರ ಕೂಗಿ ಸಂಜೆ ಅದೇ ಮನೆಗೆ ಮರಳಿದರು.

ರಗ್ಬಿ ಅಂದರೆ ಊರಿನಲ್ಲಿ ನಮಗೆಲ್ಲ ಒಂದೇ ಆಟ. ಉತ್ತರ ಇಂಗ್ಲೆಂಡಿನಲ್ಲಿ ಹಾಗಲ್ಲ, ಎರಡು ಬೇರೆ ಬೇರೆ ರಗ್ಬಿ. ಇಲ್ಲಿನ ಕಲ್ಲಿದ್ದಲು ಗಣಿಗಳಲ್ಲಿ, ಬಟ್ಟೆ ಗಿರಣಿಗಳಲ್ಲಿ ದುಡಿಯುವವರು ಶನಿವಾರ ಆಡಲು ಹೋದರೆ ಆ ದಿನದ ಕೂಲಿ ಹೋಗುತ್ತಿತ್ತು. ಹೋದ ಕೂಲಿಯನ್ನಾದರೂ ಕಟ್ಟಿಕೊಡಿ ಎಂದದ್ದಕ್ಕೆ ಆಟವನ್ನು ನಡೆಸುತ್ತಿದ್ದ ದೊಡ್ಡವರು ಒಪ್ಪಲಿಲ್ಲ. 1895ರ ಆಗಸ್ಟ್ 29ರಂದು ಉತ್ತರದ ಕ್ಲಬ್‌ಗಳು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಸೇರಿ ತಮ್ಮ ದಾರಿ ತಾವು ನೋಡಿಕೊಂಡವು. ಅದೇ ಮುಂದೆ ರಗ್ಬಿ ಲೀಗ್ ಆಯಿತು. ಒಂದು ತಂಡಕ್ಕೆ ಹದಿಮೂರು ಜನ, ಆರು ಸಲ ನೆಲಕ್ಕೆ ಕೆಡವಿದರೆ ಚೆಂಡು ಎದುರಾಳಿಗೆ. ಮೊದಲ ಸಲ ನೋಡಿದಾಗ ನನ್ನ ಕಣ್ಣಿಗೆ ಕಬಡ್ಡಿಯೇ ಕಂಡಿತ್ತು: ನುಗ್ಗುವವನು ಒಬ್ಬ, ಸೊಂಟಕ್ಕೂ ಕಾಲಿಗೂ ಬೀಳುವವರು ಮೂವರು.

ಕೂಲಿಯವರ ಆಟವಾದ್ದರಿಂದ ಇದು ಹರಡಿದ್ದೂ ಕಡಿಮೆ ಕಡೆ. ಉತ್ತರ ಇಂಗ್ಲೆಂಡ್, ಸಿಡ್ನಿ ಮತ್ತು ಕ್ವೀನ್ಸ್‌ಲ್ಯಾಂಡ್, ನ್ಯೂಜಿಲೆಂಡ್, ದಕ್ಷಿಣ ಫ್ರಾನ್ಸ್, ಪಪುವಾ ನ್ಯೂಗಿನಿ, ಇನ್ನು ಕೆಲವು ದ್ವೀಪಗಳು. ಹಾಗಾಗಿ ಆಚೆ ದಡದವರು ಬಂದರೆ ಇವರಿಗೆ ಹಬ್ಬ. ಕಾಂಗರೂಗಳು ಅಂತಲೇ ಕರೆಯುವ ಆಸ್ಟ್ರೇಲಿಯಾ ತಂಡ ಮೊದಲು ಬಂದದ್ದು 1908ರಲ್ಲಿ. ಬ್ರಿಟನ್ನಿನವರು ಅಲ್ಲಿಗೆ ಹೋದದ್ದು 1910ರಲ್ಲಿ. ಎರಡನೇ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಪ್ರಯಾಣಿಕರ ಹಡಗು ಸಿಗದೆ ಬ್ರಿಟನ್ನಿನ ಆಟಗಾರರು ಇಂಡಾಮಿಟಬಲ್ ಎಂಬ ವಿಮಾನವಾಹಕ ಯುದ್ಧನೌಕೆ ಹತ್ತಿ ಆಸ್ಟ್ರೇಲಿಯಾ ತಲುಪಿದರು, ಅಲ್ಲಿಂದ ಖಂಡದ ಉದ್ದಕ್ಕೂ ರೈಲಿನಲ್ಲಿ ಹೋದರು. ಆಗೆಲ್ಲ ಒಂದು ಟೂರ್ ಅಂದರೆ ತಿಂಗಳುಗಟ್ಟಲೆ. ದೊಡ್ಡ ಪಂದ್ಯಗಳ ನಡುವೆ ಕಾಂಗರೂಗಳು ವಿಗನ್, ಸೇಂಟ್ ಹೆಲೆನ್ಸ್, ಬ್ಯಾರೋದಂಥ ಊರುಗಳಿಗೇ ಬಂದು ಅಲ್ಲಿನ ಕ್ಲಬ್ ಜೊತೆ ಆಡುತ್ತಿದ್ದರು. ಜಗತ್ತಿನ ಅತ್ಯುತ್ತಮ ಆಟಗಾರ ಬುಧವಾರ ರಾತ್ರಿ ನಿಮ್ಮ ಬೀದಿಯ ಕೊನೆಯ ಮೈದಾನದಲ್ಲಿ ಮಳೆಯಲ್ಲಿ ನೆನೆಯುತ್ತಾ ಆಡುತ್ತಾನೆ ಅಂದುಕೊಳ್ಳಿ. ಈ ಸಲ ಬರೀ ಮೂರು ಟೆಸ್ಟ್, ಊರೂರಿನ ಪಂದ್ಯ ಒಂದೂ ಇಲ್ಲ. ಅದೂ 2003ರ ನಂತರ ಇದೇ ಮೊದಲ ಕಾಂಗರೂ ಟೂರ್. ಅಜ್ಜಿಗೆ ಸೋಲಿಗಿಂತ ಹೆಚ್ಚು ನೋವಾದದ್ದು ಅದು. ನನಗೂ ಅದು ಸರಿ ಅನ್ನಿಸಲಿಲ್ಲ. ಟಿವಿಗೆ ಮೂರು ಪಂದ್ಯ ಸಾಕು, ಊರುಗಳಿಗೆ ಸಾಲದು.

ಅಜ್ಜಿಯ ಊರು ಫೆದರ್‌ಸ್ಟೋನ್. ಹದಿನೈದು ಸಾವಿರದ ಆಸುಪಾಸು ಜನಸಂಖ್ಯೆಯ ಗಣಿ ಊರು, ಈಗ ಗಣಿ ಇಲ್ಲ. ಅವರ ಯಜಮಾನರು ಗಣಿ ಕೆಲಸ ಹೋದಾಗ ಕೈಗೆ ಬಂದ ಹಣದಲ್ಲಿ ಮನೆಗೆ ಹೊಸ ಕಿಟಕಿ ಹಾಕಿಸುವುದೋ, 1992ರ ಟೂರಿಗೆ ಆಸ್ಟ್ರೇಲಿಯಾಕ್ಕೆ ಹೋಗುವುದೋ ಅಂತ ಕೇಳಿದರಂತೆ. ಕಿಟಕಿ ಎಲ್ಲಿಗೂ ಓಡಿಹೋಗಲ್ಲ ಅಂತ ಅಜ್ಜಿ ಅಂದರಂತೆ. ಆ ವರ್ಷ ಇಲ್ಲಿಂದ ಸಾವಿರಾರು ಜನ ಹೋಗಿದ್ದರು. ಸಿಡ್ನಿಯಲ್ಲಿ ಸೋಲು. ಮೆಲ್ಬರ್ನ್‌ನಲ್ಲಿ ಮಾತ್ರ ಬ್ರಿಟನ್ 33–10ರಿಂದ ಗೆದ್ದಿತು. ಅವತ್ತು ಟ್ರೈ ಹೊಡೆದವರಲ್ಲಿ, ಅಂದರೆ ಚೆಂಡನ್ನು ಎದುರಾಳಿಯ ಗೆರೆಯಾಚೆ ನೆಲಕ್ಕೊತ್ತಿ ಅಂಕ ಗಳಿಸಿದವರಲ್ಲಿ, ಫೆದರ್‌ಸ್ಟೋನ್ ಕ್ಲಬ್‌ನ ಪಾಲ್ ನ್ಯೂಲವ್ ಕೂಡ ಒಬ್ಬ. ತಮ್ಮೂರಿನ ಕ್ಲಬ್‌ನ ಹುಡುಗ ಭೂಮಿಯ ಇನ್ನೊಂದು ಬದಿಯಲ್ಲಿ ಗೆರೆ ದಾಟಿದ್ದನ್ನು ನೋಡಲು ಇವರು ಅಲ್ಲಿದ್ದರು. ಬ್ರಿಸ್ಬೇನ್‌ನಲ್ಲಿ ಮತ್ತೆ ಸೋಲು, ಸರಣಿ ಆಸ್ಟ್ರೇಲಿಯಾದ ಪಾಲು. 1970ರ ನಂತರ ಈ ಕಡೆಯವರು ರಗ್ಬಿಯ ಆ್ಯಷಸ್ ಗೆದ್ದೇ ಇಲ್ಲ. ಆದರೂ ಅಜ್ಜಿ ಆ ಪ್ರಯಾಣದ ಬಗ್ಗೆ ಮಾತಾಡುವಾಗ ಸೋಲು ಕೊನೆಗೆಲ್ಲೋ ಬರುತ್ತದೆ, ಬಾರದೆಯೂ ಇರಬಹುದು.

ಬ್ರಿಸ್ಬೇನ್‌ನಲ್ಲಿ ಪಂದ್ಯ ಮುಗಿದ ರಾತ್ರಿ ಇವರಿಬ್ಬರೂ ಬಸ್ಸು ತಪ್ಪಿಸಿಕೊಂಡು ರಸ್ತೆಯಲ್ಲಿ ನಿಂತಿದ್ದಾಗ ಹಸಿರು–ಹಳದಿ ಅಂಗಿ ತೊಟ್ಟ ಒಂದು ಜೋಡಿ ಕಾರು ನಿಲ್ಲಿಸಿತು. ಹೋಟೆಲಿಗೆ ಬಿಡುವ ಬದಲು ಮನೆಗೆ ಕರೆದುಕೊಂಡು ಹೋಗಿ ಊಟ ಹಾಕಿತು. ಆ ಜೋಡಿಯೇ ಈಗ ಬಂದಿರುವವರು. 1994ರಲ್ಲಿ ಬಂದರು, 2003ರಲ್ಲಿ ಬಂದರು. ಆಮೇಲೆ ಟೂರ್ ಇಲ್ಲ. ಕಾಗದ, ಫೋನು, ಕ್ರಿಸ್ಮಸ್ಸಿಗೆ ಪಾರ್ಸೆಲ್ಲು. ಅಜ್ಜಿಯ ಯಜಮಾನರು ತೀರಿಕೊಂಡಾಗ ಇವರು ಬರಲಾಗಲಿಲ್ಲ.

ಟೂರ್ ನೋಡಲು ಹೋಗುವವರು ಬರೀ ಆಟಕ್ಕೆ ಹೋಗುತ್ತಾರೆ ಅಂತ ನಾನು ಅಂದುಕೊಂಡಿದ್ದೆ. ಲೆಕ್ಕ ಹಾಕಿ ನೋಡಿ: ಒಂದು ಪಂದ್ಯ 80 ನಿಮಿಷ, ಮೂರು ಪಂದ್ಯಕ್ಕೆ ನಾಲ್ಕೇ ಗಂಟೆ. ಉಳಿದ ದಿನಗಳೆಲ್ಲ ಏನು? ಮೂವರೂ ಸೇರಿ ಹಡರ್ಸ್‌ಫೀಲ್ಡ್‌ಗೆ ಹೋಗಿ ಆ ಜಾರ್ಜ್ ಹೋಟೆಲಿನ ಎದುರು ಫೋಟೋ ತೆಗೆಸಿಕೊಂಡರು. ವೇಕ್‌ಫೀಲ್ಡ್ ಹತ್ತಿರದ ಗಣಿ ಮ್ಯೂಸಿಯಮ್ಮಿಗೆ ಹೋದರು. ಫೆದರ್‌ಸ್ಟೋನ್‌ಗೆ ಹೋಗಿ ಹಳೆಯ ಗೆಳೆಯರ ಮನೆ ಮನೆ ತಟ್ಟಿದರು, ಒಂದು ಸಮಾಧಿಯ ಮುಂದೆ ನಿಂತು ಬಂದರು. ಟೂರ್ ಅನ್ನುವುದು ಇದು. ಪಂದ್ಯದ ತಾರೀಖು ಬರೀ ನೆಪ, ಆದರೆ ಆ ನೆಪ ಇಲ್ಲದಿದ್ದರೆ ಇಪ್ಪತ್ತೆರಡು ವರ್ಷ ಯಾರೂ ಯಾರ ಮನೆಗೂ ಬರುವುದಿಲ್ಲ.

ಮೂರನೇ ಟೆಸ್ಟಿಗೆ ನನ್ನನ್ನೂ ಮಗಳನ್ನೂ ಕರೆದುಕೊಂಡು ಹೋದರು. ಹೆಡಿಂಗ್ಲಿ ನಿಮಗೂ ಗೊತ್ತಿರುವ ಹೆಸರೇ. ಕ್ರಿಕೆಟ್ ಮೈದಾನಕ್ಕೂ ರಗ್ಬಿ ಮೈದಾನಕ್ಕೂ ನಡುವೆ ಒಂದೇ ಸ್ಟ್ಯಾಂಡು, ಬೆನ್ನಿಗೆ ಬೆನ್ನು ಹಾಕಿ ಕೂತಂತೆ. ಇಲ್ಲಿ ಫುಟ್‌ಬಾಲಿಗೆ ಹೋದರೆ ಎರಡು ತಂಡದವರನ್ನೂ ಬೇರೆ ಬೇರೆ ಕೂರಿಸುತ್ತಾರೆ. ರಗ್ಬಿ ಲೀಗಿನಲ್ಲಿ ಸಾಮಾನ್ಯವಾಗಿ ಆ ಪದ್ಧತಿ ಇಲ್ಲ. ನಮ್ಮ ಸಾಲಿನಲ್ಲೇ ಆಸ್ಟ್ರೇಲಿಯಾದವರು, ಹಿಂದಿನ ಸಾಲಿನಲ್ಲಿ ಲೀಡ್ಸ್‌ನವರು, ನಡುನಡುವೆ ಒಬ್ಬರ ಚಿಪ್ಸ್ ಪೊಟ್ಟಣಕ್ಕೆ ಇನ್ನೊಬ್ಬರ ಕೈ. ಚಳಿ ಜೋರಿತ್ತು. ಬಂದ ಅತಿಥಿ ಪಂದ್ಯದ ನಡುವೆ ಜಾಕೆಟ್ಟಿನ ಜಿಪ್ ಇಳಿಸಿದರು. ಒಳಗೆ ಇದ್ದದ್ದು ಹಸಿರು–ಹಳದಿಯಲ್ಲ. ಬಿಳಿ ಅಂಗಿ, ಎದೆಗೆ ಕೆಂಪು ನೀಲಿ ಪಟ್ಟಿ, ಕಾಲರು ನವೆದುಹೋಗಿ ಯಾರೋ ಕೈಯಲ್ಲಿ ಹೊಲಿದದ್ದು. 1994ರಲ್ಲಿ ಅಜ್ಜಿಯ ಯಜಮಾನರು ಇವರೊಂದಿಗೆ ಅದಲುಬದಲು ಮಾಡಿಕೊಂಡ ಬ್ರಿಟನ್ ಅಂಗಿ ಅದು. ಇಡೀ ಪಂದ್ಯ ತಮ್ಮ ದೇಶಕ್ಕೇ ಕೂಗಿದರು, ಗೆಳೆಯನ ಅಂಗಿ ತೊಟ್ಟು. ಅಜ್ಜಿ ಒಮ್ಮೆ ಕೈ ಚಾಚಿ ಆ ಕಾಲರು ಸರಿ ಮಾಡಿದರು.

ಮರುದಿನ ಭಾನುವಾರ ಎಲ್ಲರೂ ನಮ್ಮ ಮನೆಗೆ ಊಟಕ್ಕೆ ಬಂದರು. ಚಪಾತಿ, ಕಾಳುಪಲ್ಯ, ಕೋಳಿಸಾರು, ಅನ್ನ. ಆಸ್ಟ್ರೇಲಿಯಾದ ಆ ತಾಯಿ ಬೆಂಗಳೂರಿನ ಕ್ರಿಕೆಟ್ ಬಗ್ಗೆ ಕೇಳುತ್ತಾ, ಸಹಜವಾಗಿ, ಸಾರು ಬಡಿಸಿಕೊಳ್ಳುತ್ತಾ ಕೇಳಿದರು: “ನಿಮ್ಮೂರಿಗೆ ಬೇರೆ ತಂಡದ ಅಭಿಮಾನಿಗಳು ಬಂದರೆ ಯಾರ ಮನೆಯಲ್ಲಿ ಇಳ್ಕೊಳ್ತಾರೆ?”

ಅವರಿಗೆ ಅದು ಸಾಧಾರಣ ಪ್ರಶ್ನೆ. ನನಗೆ ತುತ್ತು ಗಂಟಲಲ್ಲಿ ನಿಂತಿತು.

2025ರ ಜೂನ್‌ನಲ್ಲಿ ಅದೇ ಸ್ಟ್ಯಾಂಡಿನ ಆಚೆ ಬದಿಯಲ್ಲಿ ಭಾರತದ ಟೆಸ್ಟ್ ನಡೆದಿತ್ತು. ಎರಡನೇ ಇನಿಂಗ್ಸ್‌ನಲ್ಲಿ ಕೆ.ಎಲ್. ರಾಹುಲ್ 137 ಹೊಡೆದ ದಿನ ಹಿಂದಿನ ಸಾಲಿನಿಂದ ಅಪ್ಪಟ ಕನ್ನಡದ ಕೂಗು ಕೇಳಿ ತಿರುಗಿ ನೋಡಿದೆ. ಸರಣಿ ನೋಡಲೆಂದೇ ಬೆಂಗಳೂರಿನಿಂದ ಬಂದಿದ್ದ ಹುಡುಗರು. ಸಂಜೆ ಊಟಕ್ಕೆ ಕರೆದೆ. ಅವರಲ್ಲೊಬ್ಬ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿದ್ದವನು. ಅನ್ನ ಕಲಸುತ್ತಾ ಅದನ್ನು ಹೇಳತೊಡಗಿ ಅರ್ಧಕ್ಕೇ ನಿಲ್ಲಿಸಿದ. ಆರ್‌ಸಿಬಿ ಹದಿನೆಂಟು ವರ್ಷ ಕಾದು ಗೆದ್ದ ಕಪ್ಪನ್ನು ಕಣ್ಣಾರೆ ನೋಡಲು ಬಂದವರಲ್ಲಿ 11 ಜನ ಅಂದು ಕಾಲ್ತುಳಿತಕ್ಕೆ ಸಿಕ್ಕಿ ಮನೆಗೆ ಹಿಂತಿರುಗಲಿಲ್ಲ. ಹೆಚ್ಚಿನವರು ಹರೆಯದವರು. ಅವರು ಬಂದದ್ದು ತಮ್ಮದೇ ತಂಡಕ್ಕೆ, ತಮ್ಮದೇ ರಾಜಧಾನಿಗೆ. ಸ್ವಂತ ಮಕ್ಕಳನ್ನೇ ಗೇಟಿನ ಹೊರಗೆ ಕಾಪಾಡಲಾಗದ ಊರು ಪರಸ್ಥಳದವರನ್ನು ಎಲ್ಲಿ ಇಳಿಸಿಕೊಳ್ಳುತ್ತದೆ ಅಂತ ನಾನು ಆ ತಾಯಿಗೆ ಏನು ಹೇಳಲಿ?

ನಮ್ಮಲ್ಲಿ ಅಭಿಮಾನಕ್ಕೆ ಬರವಿಲ್ಲ. 2018ರಲ್ಲಿ ಕಾವೇರಿ ಗಲಾಟೆಯಿಂದ ಚೆನ್ನೈ ತಂಡದ ತವರು ಪಂದ್ಯಗಳು ಪುಣೆಗೆ ಹೋದಾಗ ಅಭಿಮಾನಿಗಳು ವಿಶೇಷ ರೈಲು ತುಂಬಿಕೊಂಡು ಪುಣೆಗೇ ಹೋದರು. ಅಷ್ಟು ದೂರ ಹೋಗುವ ಮನಸ್ಸು ನಮ್ಮ ಜನಕ್ಕಿದೆ. ಹೋದವರನ್ನು ಅತಿಥಿ ಅಂತ ಕಾಣುವ ಏರ್ಪಾಡು ಮಾತ್ರ ಎಲ್ಲೂ ಇಲ್ಲ. ಟಿಕೆಟ್ ಕೊಳ್ಳುವ ತನಕ ಅಭಿಮಾನಿ ದೇವರು, ಗೇಟಿನ ಹತ್ತಿರ ಬಂದ ಮೇಲೆ ಗುಂಪು. ಕೈಯ ನೀರಿನ ಬಾಟಲಿ ಕಿತ್ತುಕೊಳ್ಳಬೇಕು, ಲಾಠಿ ತೋರಿಸಿ ಸಾಲಿಗೆ ತಳ್ಳಬೇಕು, ಅಷ್ಟೇ. ಇದು ನನಗೆ ಕೋಪ ತರಿಸುತ್ತದೆ. ಯಾಕೆಂದರೆ ನಾವು ಹೀಗಿರಲಿಲ್ಲ.

ನಮ್ಮೂರು ಮದ್ದೂರು ತಾಲ್ಲೂಕಿನಲ್ಲಿ. ನಾನು ಚಿಕ್ಕವಳಿದ್ದಾಗ ಸುಗ್ಗಿ ಮುಗಿದ ಮೇಲೆ ಶಾಲೆಯ ಬಯಲಿನಲ್ಲಿ ಹೊನಲು ಬೆಳಕಿನ ಕಬಡ್ಡಿ. ಮಣ್ಣು ಹದ ಮಾಡಿ ಮರದ ಹೊಟ್ಟು ಹರಡುತ್ತಿದ್ದರು. ಹೊರಗಿನಿಂದ ಬಂದ ತಂಡಗಳಿಗೆ ಶಾಲೆಯಲ್ಲಿ ಮಲಗಲು ಜಾಗ, ಊಟ ಮಾತ್ರ ಮನೆಗಳಲ್ಲಿ. ಸಂಜೆಯಾಗುತ್ತಲೇ ಅಪ್ಪ ಮೈಕಿನಲ್ಲಿ ಚೀಟಿ ಓದುತ್ತಿದ್ದರು, ಇಂಥ ಊರಿನವರು ಇಂಥವರ ಮನೆಗೆ ಅಂತ. ಸೋತವರು ಉಣ್ಣದೆ ಲಾರಿ ಹತ್ತುವ ಹಾಗಿರಲಿಲ್ಲ. ನಮ್ಮ ಮನೆಗೆ ಪ್ರತಿವರ್ಷ ಸೇಲಂ ಕಡೆಯ ತಂಡ. ಅವರ ಕ್ಯಾಪ್ಟನ್ನು ಮಂಡಿ ತರಚಿಕೊಂಡು ಜಗುಲಿಯ ಮೇಲೆ ಕೂತಿದ್ದಾಗ ಅವ್ವ ಅರಿಶಿನ ಎಣ್ಣೆ ಕಾಯಿಸಿ ಹಚ್ಚಿದ್ದು, ಆ ಅಷ್ಟೆತ್ತರದ ಆಳು ಹಲ್ಲು ಕಚ್ಚಿ ಕಣ್ಣು ಮುಚ್ಚಿಕೊಂಡದ್ದು ನನಗೆ ಈಗಲೂ ಕಾಣುತ್ತದೆ. ಅವರಿಗೆ ಕನ್ನಡ ಬರದು, ಅವ್ವನಿಗೆ ತಮಿಳು ಬರದು. ಮುದ್ದೆ ನುಂಗುವುದನ್ನು ಅವ್ವನೇ ಕಲಿಸಿದ್ದು. 1991ರ ಡಿಸೆಂಬರಿನಲ್ಲಿ ಕಾವೇರಿ ಗಲಭೆಯಾಯಿತು. ಮುಂದಿನ ಸುಗ್ಗಿಗೆ ಸೇಲಂನವರು ಬರಲಿಲ್ಲ. ಮತ್ತೆಂದೂ ಬರಲಿಲ್ಲ.

ಕೊಡಗಿನವರು ಇದನ್ನು ಇನ್ನೂ ಉಳಿಸಿಕೊಂಡಿದ್ದಾರೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಒಂದೊಂದು ವರ್ಷ ಒಂದೊಂದು ಮನೆತನ ಆತಿಥ್ಯ ವಹಿಸುತ್ತದೆ. ನೂರಾರು ಮನೆತನಗಳು ಬಂದು ಆಡುತ್ತವೆ, ಸೋತವರೂ ಫೈನಲ್ ನೋಡಲು ಉಳಿಯುತ್ತಾರೆ. ಆ ತಾಯಿಗೆ ನಾನು ಹೇಳಿದ್ದು ಈ ಎರಡನ್ನೇ: ಕೊಡಗಿನ ಹಾಕಿ, ನಮ್ಮೂರ ಕಬಡ್ಡಿ. ಜೂನ್ 4ನ್ನೂ ಹೇಳಿದೆ. ಮುಚ್ಚಿಡಬೇಕು ಅನ್ನಿಸಲಿಲ್ಲ. ಅಜ್ಜಿ ಕೇಳಿದ್ದು ಒಂದೇ, “ಆ ಸೇಲಂನವರನ್ನು ಆಮೇಲೆ ಯಾರೂ ಹುಡುಕಲೇ ಇಲ್ಲವಾ?”

ಆ ರಾತ್ರಿಯೇ ಅಪ್ಪನಿಗೆ ಫೋನ್ ಮಾಡಿದೆ. ಸೇಲಂ ತಂಡದ ಮಾತೆತ್ತಿದ್ದೇ ತಡ, ಅವರ ಕ್ಯಾಪ್ಟನ್ನಿನ ಹೆಸರು, ಅವರ ಊರಿನ ಬಸ್ ಸ್ಟ್ಯಾಂಡು ಎಲ್ಲ ಹೇಳಿದರು. “ಹಳೇ ಡೈರೀಲಿ ಅಡ್ರೆಸ್ಸೂ ಐತೆ ಕಣವ್ವ. ಬರೀಬೇಕು ಅಂತ್ಲೇ ಇದ್ದೆ, ಗಲಾಟೆ ತಣ್ಣಗಾಗ್ಲಿ ಅಂತ ಸುಮ್ನಾದೆ.” ನಾನು ಬಯ್ಯಲಿಲ್ಲ. ಈಗ ಬರೆಯಿರಿ ಅಂದೆ. ನಾನೇ ಟೈಪ್ ಮಾಡಿಸಿ ತಮಿಳಿಗೂ ಹಾಕಿಸಿಕೊಡುತ್ತೇನೆ ಅಂದೆ. ಇಲ್ಲಿ ನನ್ನ ಜೊತೆ ಕೆಲಸ ಮಾಡುವ ನರ್ಸ್ ಒಬ್ಬರು ಈರೋಡಿನವರು, ಅವರು ಆಗಲೇ ಒಪ್ಪಿದ್ದಾರೆ.

ಇನ್ನೊಂದು ವಿಷಯ. 2026ರ ಅಕ್ಟೋಬರಿನಲ್ಲಿ ರಗ್ಬಿ ಲೀಗ್ ವಿಶ್ವಕಪ್ ಶುರು, ಬಹುಪಾಲು ಆಸ್ಟ್ರೇಲಿಯಾದಲ್ಲೇ. ಅಜ್ಜಿ ಹೋಗುವುದು ಖಚಿತ, ಬ್ರಿಸ್ಬೇನ್‌ನ ಆ ಮನೆಯಲ್ಲಿ ಕೋಣೆಯೂ ತಯಾರು. ಹೋಗುವಾಗ ಬೆಂಗಳೂರಿನಲ್ಲಿ ಇಳಿದು ನಮ್ಮೂರು ನೋಡಿಕೊಂಡು ಹೋಗುತ್ತೇನೆ ಅನ್ನುತ್ತಿದ್ದಾರೆ. ಅಪ್ಪನಿಗೆ ಹೇಳಿದೆ. “ಬರ್ಲಿ ಕಣವ್ವ, ಖಾರ ಕಮ್ಮಿ ಮಾಡಿಸ್ತೀನಿ. ಆ ಹೊತ್ಗೆ ನವರಾತ್ರೀನೂ ಶುರುವಾಗಿರ್ತದೆ, ಮೈಸೂರ್ಗೂ ಕರ್ಕೊಂಡೋಗ್ಬೈದು. ಅವರಿಗೆ ಕಬಡ್ಡಿ ತೋರ್ಸೋಣ ಅಂದ್ರೆ ಸುಗ್ಗಿ ತನಕ ಕಾಯಕ್ಕಾಗಲ್ಲ, ಹುಡುಗ್ರಿಗೆ ಹೇಳಿ ಒಂದ್ ಮ್ಯಾಚ್ ಮುಂಚೇನೇ ಇಟ್ಕೊಂಡ್ರಾಯ್ತು.”

ವೀಸಾ ಅರ್ಜಿ ತುಂಬಲು ಅಜ್ಜಿ ನಾಳೆ ಸಂಜೆ ನಮ್ಮ ಮನೆಗೆ ಬರುತ್ತಾರೆ.