ಅದು ಬೇರೆ, ಇದು ಬೇರೆ

"ಇದರಲ್ಲಿ ನಗೋಕೆ ಏನಿದೆಯಮ್ಮಾ?" ಎಂದು ನಮ್ಮ ಓದುಗರ ಬಳಗದ ಹಿರಿಯ ಮೇಷ್ಟ್ರು ಕಳೆದ ಭಾನುವಾರ ಕೇಳಿದ ಪ್ರಶ್ನೆ ಈ ವಾರವಿಡೀ ನನ್ನ ತಲೆಯನ್ನು ಕೊರೆಯುತ್ತಿದೆ. ಅವರು ಕೇಳಿದ್ದು ನನ್ನನ್ನಲ್ಲ. ದಲಿತ ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ 'ಊರು ಕೇರಿ'ಯ ಕೆಲವು ಪುಟಗಳನ್ನು ಎಲ್ಲರಿಗೂ ಕೇಳುವಂತೆ ಓದುತ್ತ, ನಗು ತಡೆಯಲಾರದೆ ನಡುವೆ ನಿಲ್ಲಿಸಿದ ಎಂ.ಎ. ವಿದ್ಯಾರ್ಥಿನಿಯನ್ನು.

"ನಗು ಬರಲಿ ಅಂತಾನೇ ಅವರು ಬರೆದಿದಾರೆ ಸರ್. ಆಗ ಅಜ್ಜಯ್ಯನ ಅಭ್ಯಂಜನಕ್ಕೆ ನಾವೆಲ್ಲ ನಕ್ವಲ್ಲ?" ಎಂದಳು ಅವಳು.

"ಅದು ಬೇರೆ, ಇದು ಬೇರೆ."

"ಏನು ಬೇರೆ ಸರ್?"

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು. "ಇದು ನೋವಿನ ಪುಸ್ತಕ ಕಣಮ್ಮಾ" ಎಂದರು. ಅವಳು ವಾದ ಬೆಳೆಸಲಿಲ್ಲ. ಉಳಿದಿದ್ದ ಪುಟವನ್ನು ಏರಿಳಿತವಿಲ್ಲದ ದನಿಯಲ್ಲಿ, ಪತ್ರಿಕೆಯ ವರದಿ ಓದುವಂತೆ ಓದಿ ಮುಗಿಸಿ ಕುಳಿತಳು. ಅವಳ ಓದಿನಿಂದ ಜೀವ ಹೊರಟುಹೋದ ಆ ಕ್ಷಣವನ್ನು ನಾನು ಮತ್ತೆ ಮತ್ತೆ ನೆನೆಯುತ್ತಿದ್ದೇನೆ. ಅದೇ ವಾಕ್ಯಗಳು, ಅದೇ ಹುಡುಗಿ. ಆದರೆ ಕೇಳುತ್ತಿದ್ದ ನಮಗೆ ಸಿದ್ಧಲಿಂಗಯ್ಯನವರು ಕಾಣದಾದರು.

ಈ ತಿಂಗಳು ಬಾಲ್ಯದ ಬಗೆಗಿನ ಪುಸ್ತಕಗಳನ್ನು ಕುರಿತು ಮಾತಾಡೋಣವೆಂದು ಗೊತ್ತುಮಾಡಿಕೊಂಡಿದ್ದೆವು. ಶಿವಮೊಗ್ಗದಲ್ಲಿ ಇಂಥ ಮಾತು ಕುವೆಂಪು ಅವರನ್ನು ಬಿಟ್ಟು ಬೇರೆ ಯಾರಿಂದಲೂ ಆರಂಭವಾಗುವುದಿಲ್ಲ. 'ನೆನಪಿನ ದೋಣಿಯಲ್ಲಿ'ಯ ಕುಪ್ಪಳಿ ಮನೆಯ ವರ್ಣನೆಯಾಯಿತು, 1933ರಲ್ಲಿ ಬಂದ 'ಮಲೆನಾಡಿನ ಚಿತ್ರಗಳು' ಪುಸ್ತಕದ 'ಅಜ್ಜಯ್ಯನ ಅಭ್ಯಂಜನ'ವನ್ನು ಒಬ್ಬರು ಅಭಿನಯಿಸಿಯೇ ಓದಿದರು. ಬಚ್ಚಲ ಒಲೆ, ಹಂಡೆ, ಎಣ್ಣೆ, ಹಬೆ, ಆ ವೈಭವದ ಸ್ನಾನ ಎಲ್ಲವೂ ಕಣ್ಣಿಗೆ ಕಟ್ಟಿ ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಎಲ್ಲರಿಗಿಂತ ಹೆಚ್ಚು ನಕ್ಕವರು ಮೇಷ್ಟ್ರೇ. ಅದರ ಬೆನ್ನಿಗೇ "ನಮ್ಮನೇಲೂ ಹಾಗೇ ಇತ್ತು" ಎಂಬ ಮಾತು ಒಬ್ಬರಿಂದೊಬ್ಬರಿಗೆ ಹರಿದು, ಅವರವರ ಅಜ್ಜಂದಿರೂ ಬಚ್ಚಲುಮನೆಗಳೂ ಬಂದು, ಪುಸ್ತಕ ಸ್ವಲ್ಪ ಹೊತ್ತು ಮರೆಯೇ ಆಯಿತು. ಬಾಲ್ಯದ ಪುಸ್ತಕಗಳನ್ನು ನಾವು ಬಹುಮಟ್ಟಿಗೆ ಓದುವುದು ಹೀಗೆಯೇ: ಬರೆದವರ ಅಂಗಳದಿಂದ ಹೊರಟು ನಮ್ಮ ಅಂಗಳಕ್ಕೆ ಬಂದು ನಿಲ್ಲುತ್ತೇವೆ. ಅದನ್ನು ನಾನು ಆಕ್ಷೇಪಿಸುವುದಿಲ್ಲ. ಆ ಖುಷಿಗಾಗಿಯೇ ಎಷ್ಟೋ ಜನ ಪುಸ್ತಕ ಹಿಡಿಯುತ್ತಾರೆ.

ಭೈರಪ್ಪನವರ ಕಾದಂಬರಿ 'ಗೃಹಭಂಗ'ದ ಮಾತು ಬಂದಾಗ ಸಭೆಯ ಹದ ಬದಲಾಯಿತು. ನಂಜಮ್ಮ ತನ್ನ ಇಬ್ಬರು ಮಕ್ಕಳನ್ನು ಪ್ಲೇಗಿಗೆ ಕಳೆದುಕೊಳ್ಳುವ ಭಾಗವನ್ನು ಒಬ್ಬರು ನೆನಪಿನಿಂದಲೇ ಹೇಳಿದರು, ಯಾರೂ ತುಟಿ ಬಿಚ್ಚಲಿಲ್ಲ. ಆ ಮೌನ ಆ ಪುಟಗಳಿಗೆ ಸಲ್ಲಬೇಕಾದದ್ದು, ಅಲ್ಲಿ ಲೇಖಕರು ನಮ್ಮಿಂದ ಬೇರೇನನ್ನೂ ಬಯಸುವುದಿಲ್ಲ. ಆಮೇಲೆ ಬ್ಯಾಂಕಿನಲ್ಲಿರುವ ಗೆಳತಿಯೊಬ್ಬರು ಕನ್ನಡಕ್ಕೂ ಬಂದಿರುವ ಜಪಾನಿನ 'ತೊತ್ತೋಚಾನ್' ಬಗ್ಗೆ ಮಾತಾಡಿದರು. ರೈಲಿನ ಬೋಗಿಗಳನ್ನೇ ತರಗತಿಗಳನ್ನಾಗಿ ಮಾಡಿಕೊಂಡಿದ್ದ ಆ ಶಾಲೆಯಲ್ಲಿ ಪೋಲಿಯೊ ಪೀಡಿತ ಹುಡುಗನೊಬ್ಬನಿದ್ದಾನೆ. ತೊತ್ತೋಚಾನ್ ಅವನನ್ನು ಏಣಿಯಿಟ್ಟು, ಎಳೆದು, ಬೆವರು ಸುರಿಸಿ ತನ್ನ ಮರಕ್ಕೆ ಹತ್ತಿಸುತ್ತಾಳೆ. ಮರದ ಮೇಲೆ ಕುಳಿತ ಆ ಹುಡುಗ ಅಮೆರಿಕದಲ್ಲಿ ಟೆಲಿವಿಷನ್ ಎಂಬ ಪೆಟ್ಟಿಗೆಯಿದೆ, ಅದು ಜಪಾನಿಗೆ ಬಂದರೆ ಮನೆಯಲ್ಲೇ ಕೂತು ಸುಮೋ ಕುಸ್ತಿ ನೋಡಬಹುದು ಎಂದು ಹೇಳಿದಾಗ, ಅಷ್ಟು ದಪ್ಪ ಪೈಲ್ವಾನರು ಪೆಟ್ಟಿಗೆಯೊಳಗೆ ಹೋಗುವುದು ಹೇಗೆ ಎಂಬ ಚಿಂತೆ ಇವಳಿಗೆ. ನಾವು ಮತ್ತೆ ನಕ್ಕೆವು. ಆ ಹುಡುಗ ಮುಂದಿನ ಪುಟಗಳಲ್ಲಿ ತೀರಿಹೋಗುತ್ತಾನೆಂದು ನಮ್ಮಲ್ಲಿ ಹಲವರಿಗೆ ಗೊತ್ತಿತ್ತು. ಆದರೂ "ಇದು ನೋವಿನ ಪುಸ್ತಕ" ಎಂದು ಯಾರೂ ತಡೆಯಲಿಲ್ಲ.

ಹಾಗಿದ್ದ ಮೇಲೆ 'ಊರು ಕೇರಿ' ಬೇರೆ ಆದದ್ದು ಹೇಗೆ? ಮೇಷ್ಟ್ರು ಉತ್ತರಿಸದೆ ಬಿಟ್ಟ ಪ್ರಶ್ನೆಗೆ ನಾನೇ ಉತ್ತರ ಹುಡುಕುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡಬೇಕು. ಮೇಷ್ಟ್ರು ಸಣ್ಣ ಮನಸ್ಸಿನವರಲ್ಲ. ಫೀಸು ಕಟ್ಟಲಾಗದ ಎಷ್ಟೋ ಮಕ್ಕಳಿಗೆ ಅವರು ದಾರಿ ತೋರಿಸಿದ್ದಾರೆ, ತಮ್ಮ ಮನೆಯ ಬೀರುವನ್ನು ಊರಿನ ಓದುಗರಿಗೆಲ್ಲ ತೆರೆದಿಟ್ಟಿದ್ದಾರೆ. ತಾವು ಹೇಳಿದ್ದೇ ಕಡೆಯ ಮಾತಾಗಬೇಕೆಂಬ ಅಭ್ಯಾಸ ಅವರಿಗಿದೆ, ಅದು ತರಗತಿಯಲ್ಲಿ ಕಳೆದ ವರ್ಷಗಳಿಂದ ಬಂದದ್ದು. ಅವಳು ಓದುತ್ತಿದ್ದ ಪ್ರತಿಯೂ ಅವರದ್ದೇ. ಸಭೆ ಮುಗಿದು ಕಾಫಿ ಬರುವ ಹೊತ್ತಿಗೆ ನಾನು ಆ ಪುಸ್ತಕವನ್ನು ತೆಗೆದುಕೊಂಡು ತಿರುವಿಹಾಕಿದೆ. ಆರಂಭದ ಪುಟಗಳ ಅಂಚಿನಲ್ಲಿ ಮೇಷ್ಟ್ರ ಅಚ್ಚುಕಟ್ಟಾದ ಪೆನ್ಸಿಲ್ ಗೆರೆಗಳಿದ್ದವು, ಒಂದು ಕಡೆ 'ಅಯ್ಯೋ' ಎಂದು ಬರೆದಿತ್ತು. ಮುಂದೆ ಹೋದಂತೆ ಗೆರೆಗಳು ವಿರಳವಾದವು, ಕೊನೆಗೆ ಇಲ್ಲವಾದವು.

'ಅಯ್ಯೋ' ಎಂದು ಬರೆದಿದ್ದ ಪುಟ ಯಾವುದೆಂದು ಆ ಪುಸ್ತಕ ಓದಿದವರು ಊಹಿಸಬಲ್ಲರು. ಮಾಗಡಿ ಸೀಮೆಯ ಮಂಚನಬೆಲೆಯಲ್ಲಿ ಅಯ್ನೋರ ಹೊಲ. ಇಬ್ಬರು ಮನುಷ್ಯರು ಎತ್ತುಗಳ ಜಾಗದಲ್ಲಿ ನೊಗ ಹೊತ್ತು ನಡೆಯುತ್ತಿದ್ದಾರೆ, ಮೂರನೆಯವನು ಹಿಂದಿನಿಂದ ಉಳುತ್ತಿದ್ದಾನೆ. ನೋಡುತ್ತ ನಿಂತ ಹುಡುಗರಿಗೆ ಅದೊಂದು ಹೊಸ ನೋಟ. ನೊಗ ಹೊತ್ತವರಲ್ಲಿ ಒಬ್ಬ ತನ್ನ ಅಪ್ಪ ಎಂದು ಹುಡುಗನಿಗೆ ತಿಳಿಯುವುದು ಆಮೇಲೆ. ಕನ್ನಡದಲ್ಲಿ ಬಾಲ್ಯವನ್ನು ಕುರಿತು ಬರೆದಿರುವ ಪುಟಗಳಲ್ಲಿ ಇದರಷ್ಟು ಆಳಕ್ಕೆ ನಾಟುವ ಪುಟ ಬೇರೊಂದಿಲ್ಲವೆಂದೇ ನನ್ನ ನಂಬಿಕೆ. ಆದರೆ ಆ ಪುಟದ ಶಕ್ತಿ ಇರುವುದು ಕೊನೆಯ ನೋವಿನಲ್ಲಿ ಮಾತ್ರವಲ್ಲ, ಅದಕ್ಕೆ ಮೊದಲಿನ ಆ ಮಗುವಿನ ಕುತೂಹಲದಲ್ಲಿಯೂ ಇದೆ. ಆ ಹುಡುಗ ಮೊದಲು ಎಲ್ಲ ಮಕ್ಕಳ ಹಾಗೆ ಬೆರಗಿನಿಂದ ನೋಡಿದ್ದಾನೆ. ದೊಡ್ಡವರಾದ ನಾವು ಆ ಬೆರಗನ್ನು ಹಾರಿ ನೇರ 'ಅಯ್ಯೋ'ಗೆ ಬಂದುಬಿಡುತ್ತೇವೆ.

ಅವಳು ನಕ್ಕದ್ದು ಆ ಪುಟಕ್ಕಲ್ಲ. ಸಂಸಾರ ಬೆಂಗಳೂರಿಗೆ ಬಂದ ಮೇಲೆ ಶ್ರೀರಾಮಪುರದ ದಿನಗಳನ್ನೂ, ಸ್ಮಶಾನದಲ್ಲಿ ಹೋಗಿ ಕೂತು ಓದುತ್ತಿದ್ದುದನ್ನೂ ಹೇಳುವ ಭಾಗಕ್ಕೆ. ಓದಲು ಮನೆಯಲ್ಲಿ ಜಾಗವಿಲ್ಲದ ಹುಡುಗ ಗೋರಿಗಳ ನಡುವೆ ನೆಮ್ಮದಿ ಕಂಡುಕೊಂಡ ಎಂದರೆ ಅದು ನೋವಿನ ಸಂಗತಿಯೇ, ಅನುಮಾನವಿಲ್ಲ. ಆದರೆ ಸಿದ್ಧಲಿಂಗಯ್ಯನವರು ಅದನ್ನು ಬರೆಯುವಾಗ ನಮ್ಮ ಕಣ್ಣೀರಿಗೆ ಕೈಯೊಡ್ಡುವುದಿಲ್ಲ. ಹಿಂದೆ ಭಯವೂ ಹಸಿವೂ ಇವೆ, ಮುಂದೆ ನಿಂತು ಮಾತಾಡುತ್ತಿರುವುದು ಚೇಷ್ಟೆ. 1975ರಲ್ಲಿ 'ಹೊಲೆಮಾದಿಗರ ಹಾಡು' ಬರೆದು ಕನ್ನಡ ಕಾವ್ಯಕ್ಕೆ ಕಂಡರಿಯದ ಸಿಟ್ಟನ್ನು ತಂದ ಕವಿ ಇವರೇ. ಅಂಥವರು ತಮ್ಮ ಎಳವೆಯ ಕಥೆ ಹೇಳಲು ಕೂತಾಗ ಸಿಟ್ಟನ್ನು ಪಕ್ಕಕ್ಕಿಟ್ಟು ನಗುವನ್ನು ಆರಿಸಿಕೊಂಡರೆಂದರೆ ಅದು ಸುಮ್ಮನೆ ಆದದ್ದಲ್ಲ. ಆ ಪುಸ್ತಕದ ಜೊತೆಗಿರುವ ಡಿ.ಆರ್. ನಾಗರಾಜ್ ಅವರ ಲೇಖನದ ಹೆಸರೇ 'ಬಡವರ ನಗುವಿನ ಶಕ್ತಿ'. ಮೇಷ್ಟ್ರ ಪ್ರತಿಯಲ್ಲಿ ಆ ಪುಟಗಳಲ್ಲೂ ಪೆನ್ಸಿಲ್ ಆಡಿರಲಿಲ್ಲ.

ತೊತ್ತೋಚಾನಳ ಗೆಳೆಯನ ಮಾತಿಗೆ ನಾವು ನಗಬಲ್ಲೆವು, ಏಕೆಂದರೆ ಅವನಿಗೆ ಪೋಲಿಯೊ ಬಂದದ್ದರಲ್ಲಿ ನಮ್ಮ ಪಾಲಿಲ್ಲ. ಕುಪ್ಪಳಿಯ ಅಜ್ಜಯ್ಯ ನಮ್ಮ ಅಜ್ಜಯ್ಯನೇ ಆದ್ದರಿಂದ ಅಲ್ಲಿಯೂ ಅಡ್ಡಿಯಿಲ್ಲ. ಮಂಚನಬೆಲೆಯ ಹುಡುಗನ ಮುಂದೆ ನಮ್ಮ ನಗು ಗಂಟಲಲ್ಲಿ ನಿಲ್ಲುವುದು ಅವನ ಕೇರಿಯನ್ನು ಆಚೆಗಿಟ್ಟ ಊರು ನಮ್ಮದೇ ಆಗಿರುವುದರಿಂದ. ಮೇಷ್ಟ್ರ "ಅದು ಬೇರೆ, ಇದು ಬೇರೆ" ಎಂಬ ಮಾತಿನ ಒಳಗೆ ಇದ್ದದ್ದು ಈ ಅಳುಕು ಎಂದು ನನಗೆ ಈಗ ಅನ್ನಿಸುತ್ತಿದೆ. ಅಳುಕು ಪ್ರಾಮಾಣಿಕವಾದದ್ದು, ಅದನ್ನು ನಾನು ಗೌರವಿಸುತ್ತೇನೆ. ಆದರೆ ಆ ಅಳುಕಿನ ಭಾರವನ್ನು ಪುಸ್ತಕದ ಹುಡುಗನ ಹೆಗಲಿಗೆ ಹಾಕಬಾರದು. ನಾವು ಮರುಗುವುದಕ್ಕೆ ಅನುಕೂಲವಾಗಲೆಂದು ಅವನು ಸದಾ ಸಪ್ಪೆ ಮೋರೆಯಲ್ಲೇ ನಿಂತಿರಬೇಕೆ? ಅವನು ಆಡಿದ್ದಾನೆ, ಬುದ್ಧಿವಂತಿಕೆ ಮೆರೆದಿದ್ದಾನೆ, ದೊಡ್ಡವರ ಪೇಚಾಟ ಕಂಡು ಒಳಗೊಳಗೇ ನಕ್ಕಿದ್ದಾನೆ. ಅಷ್ಟನ್ನೂ ಕಿತ್ತುಕೊಂಡು ನೊಗದ ದೃಶ್ಯವೊಂದನ್ನೇ ಅವನಿಗೆ ಉಳಿಸುವುದು ಅವನ ಬಾಲ್ಯವನ್ನು ಎರಡನೆಯ ಸಲ ಕಸಿದ ಹಾಗೆ.

ಆ ದಿನ ಈ ಮಾತನ್ನು ನನಗಿಂತ ಚೆನ್ನಾಗಿ ಹೇಳಿದವರು ಒಬ್ಬ ಹಿರಿಯ ಹೆಂಗಸು. ಅವರು ಬಳಗದಲ್ಲಿ ಹೆಚ್ಚು ಮಾತಾಡುವವರಲ್ಲ. ಲಿಂಗನಮಕ್ಕಿ ಅಣೆಕಟ್ಟಿಗಾಗಿ ಮುಳುಗಡೆಯಾದ ಶರಾವತಿ ಕಣಿವೆಯ ಊರೊಂದರಿಂದ ಬಂದವರು, ಆಗ ಅವರಿನ್ನೂ ಚಿಕ್ಕ ಹುಡುಗಿ. ಕಾಫಿ ಲೋಟ ಕೈಯಲ್ಲಿ ಹಿಡಿದು ಮೇಷ್ಟ್ರ ಪಕ್ಕದ ಕುರ್ಚಿಗೆ ಬಂದು ಕೂತು, "ಮೇಷ್ಟ್ರೇ, ನಾವು ಊರು ಬಿಟ್ಟ ದಿವಸ ನಂಗೆ ಎಷ್ಟು ಖುಷಿ ಆಗಿತ್ತು ಗೊತ್ತಾ?" ಎಂದರು. ಮೇಷ್ಟ್ರು ಅವರ ಮುಖ ನೋಡಿದರು. "ಅಲ್ಲೀವರೆಗೆ ನಾನು ಲಾರಿ ಹತ್ತಿರ್ಲಿಲ್ಲ. ಅಮ್ಮ ಒಲೆಯ ಕಲ್ಲು ಕಿತ್ತು ಚೀಲಕ್ಕೆ ಹಾಕ್ಕೊಂಡು ಅಳ್ತಾ ಇದ್ಲು. ನಾವು ಮಕ್ಕಳು ಭತ್ತದ ಮೂಟೆ ಮೇಲೆ ಕೂತು ಹೋ ಅಂತ ಕೂಗ್ತಿದ್ವಿ. ಕೊಟ್ಟಿಗೆ ಬಾಗಿಲನ್ನೂ ಕಿತ್ತು ಲಾರಿಗೆ ಹಾಕಿದ್ರು, ಅದರ ಮೇಲೆ ಜಾರುಬಂಡೆ ಆಡಿದ್ವಿ. ಈಗ ಯಾರಾದ್ರೂ ಮುಳುಗಡೆ ಅಂದ್ರೆ ಎಲ್ಲರೂ ನನ್ನ ಕಡೆ ಪಾಪ ಅಂತ ನೋಡ್ತಾರೆ. ಆ ಲಾರಿ ವಿಷ್ಯ ಹೇಳೋಕೆ ನಾಚಿಕೆ ಆಗಿಬಿಡುತ್ತೆ, ತಪ್ಪು ಮಾಡಿದ್ನೇನೋ ಅನ್ನೋ ಹಾಗೆ."

ಮೇಷ್ಟ್ರು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ "ನಿಮ್ಮ ತಾಯಿಯವರು ಆ ಕಲ್ಲನ್ನ ಏನು ಮಾಡಿದ್ರು?" ಎಂದು ಕೇಳಿದರು. "ಹೊಸ ಮನೇಲೂ ಅದನ್ನೇ ಹೂಡಿದ್ಲು" ಎಂದರು ಆಕೆ. ಇಬ್ಬರೂ ಆ ಒಲೆಯ ಬಗ್ಗೆ, ಹಳೆಯ ಊರಿನ ಗದ್ದೆಗಳ ಬಗ್ಗೆ ಮಾತಿಗೆ ಇಳಿದರು. ಮಕ್ಕಳ ಲಾರಿಯ ಸವಾರಿ ಅಲ್ಲಿಗೇ ನಿಂತಿತು. ಇಷ್ಟು ವರ್ಷ ಹೇಳದೆ ಇಟ್ಟುಕೊಂಡಿದ್ದನ್ನು ಆಕೆ ಹೇಳಿದರೂ ಕೇಳಿದವರ ಕಿವಿ ತಾಯಿಯ ಅಳುವಿನ ಕಡೆಗೇ ಹೋಯಿತಲ್ಲ ಎಂದು ನನಗೆ ಬಹಳ ಬೇಸರವಾಯಿತು. ಬಾಲ್ಯದ ಪುಸ್ತಕಗಳನ್ನು ಓದುವಾಗಲೂ ನಾವು ಇದನ್ನೇ ಮಾಡುತ್ತೇವೆ. ಹೇಳುತ್ತಿರುವುದು ಮಗು, ನಾವು ಕೇಳಿಸಿಕೊಳ್ಳುವುದು ಅದರ ಹಿಂದೆ ನಿಂತ ದೊಡ್ಡವರನ್ನು.

ಸೋಮವಾರ ಬೆಳಿಗ್ಗೆ ಬಳಗದ ಇನ್ನೊಬ್ಬರು ಫೋನ್ ಮಾಡಿದರು. ಅದೂ ಇದೂ ಮಾತಾಡಿ ಕೊನೆಗೆ, "ಆ ಹುಡುಗಿ ಯಾರ ಪೈಕಿ?" ಎಂದು ಕೇಳಿದರು. ಗೊತ್ತಿಲ್ಲವೆಂದೆ. "ಅಲ್ಲ, ಅವರ ಪೈಕಿಯವಳೇ ಆಗಿದ್ದರೆ ನಕ್ಕಿದ್ದರಲ್ಲಿ ತಪ್ಪೇನಿಲ್ಲ, ಅವರದ್ದು ಅವರಿಗೆ ಗೊತ್ತಿರುತ್ತೆ. ನಮ್ಮವಳಾಗಿದ್ದರೆ ಮಾತ್ರ ಚೆನ್ನಾಗಿರಲ್ಲ" ಎಂದರು. ನನಗೆ ಮೈಯೆಲ್ಲ ಉರಿಯಿತು. ಇವರು ಓದಿದವರು, ಸಭ್ಯರು, ಆ ಮಾತನ್ನು ಯಾರನ್ನೂ ನೋಯಿಸಲೆಂದು ಆಡಿದವರಲ್ಲ; ಕಾಳಜಿಯ ದನಿಯಲ್ಲೇ ಹೇಳಿದರು. ಆ ಕಾಳಜಿಯೇ ನನಗೆ ಭಯ ಹುಟ್ಟಿಸಿತು. ಒಂದು ವಾಕ್ಯಕ್ಕೆ ನಗಲು ಹುಟ್ಟಿನ ರುಜುವಾತು ಬೇಕೆಂದಾದರೆ, ಅಳಲು ಮಾತ್ರ ಯಾರ ಅಪ್ಪಣೆಯೂ ಬೇಡವೆಂದಾದರೆ, ಪುಸ್ತಕ ನಮ್ಮನ್ನು ಎಲ್ಲಿಗೂ ಕರೆದೊಯ್ದಿಲ್ಲ. ಓದಿ ಮುಗಿಸಿದ ಮೇಲೂ ಊರು ಊರಿನ ಜಾಗದಲ್ಲೇ ಇದೆ, ಕೇರಿ ಕೇರಿಯ ಜಾಗದಲ್ಲೇ ಇದೆ. ಅವರ ಪ್ರಶ್ನೆಗೆ ಉತ್ತರ ಗೊತ್ತಿದ್ದರೂ ನಾನು ಹೇಳುತ್ತಿರಲಿಲ್ಲವೆಂದು ಅವರಿಗೆ ನೇರವಾಗಿಯೇ ತಿಳಿಸಿದೆ. ಅವರಿಗೆ ಬೇಸರವಾಗಿರಬೇಕು.

ನಗುವಿನಲ್ಲಿ ಎರಡು ಬಗೆಯಿರುವುದು ನನಗೆ ತಿಳಿಯದ ವಿಷಯವಲ್ಲ. ಕೇರಿಯ ಮಕ್ಕಳನ್ನು ಕಂಡು ಊರು ನಕ್ಕ ನಗುವಿನ ಇತಿಹಾಸ ದೊಡ್ಡದಿದೆ. ಮೇಷ್ಟ್ರಂಥವರು ಆ ಕ್ರೂರವಾದ ನಗುವನ್ನು ಕಣ್ಣಾರೆ ಕಂಡವರು, ಅದಕ್ಕೇ ಬೆಚ್ಚುತ್ತಾರೆ. ಆದರೆ ಆ ಹುಡುಗಿ ನಕ್ಕದ್ದು ಸಿದ್ಧಲಿಂಗಯ್ಯನವರನ್ನು ನೋಡಿ ಅಲ್ಲ, ಅವರ ಜೊತೆಯಲ್ಲಿ. ಅವರು ಹಾಕಿದ ದಾರಿಯಲ್ಲೇ ಹೋಗಿ, ಅವರು ನಿಂತು ಕಣ್ಣು ಮಿಟುಕಿಸಿದ ಜಾಗದಲ್ಲೇ ನಿಂತು ನಕ್ಕಳು. 2021ರ ಜೂನ್‌ನಲ್ಲಿ ಕೋವಿಡ್ ಅವರನ್ನು ನಮ್ಮಿಂದ ಕಿತ್ತುಕೊಂಡಿತು. ಈಗ ಅವರ ಆ ಚೇಷ್ಟೆ ಉಳಿದಿರುವುದು ಇಂಥ ಓದುಗರ ಗಂಟಲಿನಲ್ಲಿ.

ಗುರುವಾರ ಸಂಜೆ ಮೇಷ್ಟ್ರ ಮನೆಗೆ ಹೋಗಿ, ಮುಂದಿನ ತಿಂಗಳು ಬೇರೆ ಯಾವ ಪುಸ್ತಕವೂ ಬೇಡ, 'ಊರು ಕೇರಿ'ಯನ್ನೇ ಮೊದಲ ಪುಟದಿಂದ ಕೊನೆಯವರೆಗೆ ಸರದಿಯಂತೆ ಗಟ್ಟಿಯಾಗಿ ಓದೋಣ ಎಂದು ಕೇಳಿಕೊಂಡೆ. ನಮ್ಮಲ್ಲಿ ಹಲವರಿಗೆ ಪರಿಚಯವಿರುವುದು ಅದರ ಆರಂಭದ ಭಾಗವಷ್ಟೇ ಎಂಬುದನ್ನೂ ಹೇಳಿದೆ. ಮೇಷ್ಟ್ರು ಒಪ್ಪಿದರು. ಆದರೆ ಸ್ಮಶಾನದ ಭಾಗದಲ್ಲಿ ತಮಗೆ ನಗು ಬರುವುದು ಸಾಧ್ಯವಿಲ್ಲವೆಂದು ಮತ್ತೆ ಹೇಳಿದರು, "ಅದು ನನ್ನ ವಯಸ್ಸಿಗೆ ಆಗದು" ಎಂದರು. ಅವರು ನಗಲೇಬೇಕೆಂದು ನಾನು ಕೇಳುತ್ತಿಲ್ಲ. ಆ ಪುಟಗಳನ್ನು ಓದುವ ಸರದಿಯನ್ನು ಆ ಹುಡುಗಿಗೇ ಕೊಡಬೇಕು, ನಡುವೆ ಯಾರೂ ತಡೆಯಬಾರದು ಎಂದೆ. ಸರಿ ಎಂದರು.