ನೆಲ ನೋಡಿ ನಡೆದ ಪ್ರಾಗ್

ನಾವಿರುವ ಜರ್ಮನಿಯ ಡ್ರೆಸ್ಡೆನ್‌ನಿಂದ ಚೆಕ್ ದೇಶದ ರಾಜಧಾನಿ ಪ್ರಾಗ್‌ಗೆ ರೈಲಿನಲ್ಲಿ ಹೆಚ್ಚುಕಮ್ಮಿ ಎರಡೂವರೆ ಗಂಟೆ. ಬೆಂಗಳೂರಿಂದ ಮೈಸೂರಿಗೆ ಹೋದಷ್ಟು ಹೊತ್ತು. ಇಷ್ಟು ಹತ್ತಿರ ಇದ್ದರೂ ಮೂರು ವರ್ಷದಿಂದ ಹೋಗಿರಲಿಲ್ಲ. ಅಕ್ಟೋಬರ್‌ನ ಒಂದು ಶನಿವಾರ ಬೆಳಿಗ್ಗೆ ಕೊನೆಗೂ ಹೊರಟೆವು. ನಾನು, ನನ್ನ ಹೆಂಡತಿ, ಜೊತೆಗೆ ಕೆಲಸ ಮಾಡುವ ಹುಬ್ಬಳ್ಳಿಯ ಗೆಳೆಯ, ಇಲ್ಲೇ ಓದುತ್ತಿರುವ ಶಿವಮೊಗ್ಗದ ಗೆಳತಿ.

ನೀವೂ ಈ ದಾರಿಯಲ್ಲಿ ಹೋದರೆ ಎಡಗಡೆಯ ಕಿಟಕಿ ಹಿಡಿದು ಕೂತುಕೊಳ್ಳಿ. ಎಲ್ಬೆ ನದಿ ಆ ಕಡೆಗೇ ಇದೆ. ಆಚೆ ದಡದಲ್ಲಿ ಮರಳುಗಲ್ಲಿನ ಬಂಡೆಗಳು ಕಂಬಗಳ ಹಾಗೆ ಎದ್ದು ನಿಂತಿವೆ. ಪ್ರಾಗ್‌ನ ವ್ಲತವಾ ನದಿ ಇದೇ ಎಲ್ಬೆಗೆ ಬಂದು ಸೇರುತ್ತದೆ. ಅಲ್ಲಿ ಸೇತುವೆ ಕೆಳಗೆ ಹರಿದ ನೀರೇ ನಮ್ಮ ಊರಿಗೆ ಬರುತ್ತದೆ ಅಂತ ಆ ದಿನವೇ ನನಗೆ ಹೊಳೆದದ್ದು.

ನಮ್ಮ ಯೋಜನೆ ಮೊದಲ ಗಂಟೆಯಲ್ಲೇ ತಪ್ಪಿತು. ಹಳೆಯ ಯಹೂದಿ ಕೇರಿಯನ್ನು ಮೊದಲು ನೋಡೋಣ ಅಂದುಕೊಂಡು ಹೋದರೆ ಬಾಗಿಲು ಹಾಕಿತ್ತು. ಶನಿವಾರ ಅವರಿಗೆ ಸಬ್ಬತ್, ವಾರದ ವಿಶ್ರಾಂತಿಯ ದಿನ. ಎರಡೇ ದಿನಕ್ಕೆ ಹೋಗುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಟ್ರಾಮ್ ಟಿಕೆಟ್ ವಿಷಯವೂ ಅಷ್ಟೇ. ಕಾಗದದ ಟಿಕೆಟ್ ಕೊಂಡರೆ ಸಾಲದು, ಹಳದಿ ಪೆಟ್ಟಿಗೆಯೊಳಗೆ ತೂರಿಸಿ ಮುದ್ರೆ ಒತ್ತಿಸಬೇಕು. ಇಲ್ಲದಿದ್ದರೆ ದಂಡ.

ಅಲ್ಲಿಂದ ಹಳೇ ಪೇಟೆಯ ಚೌಕಕ್ಕೆ ನಡೆದೆವು. ಪುರಭವನದ ಗೋಡೆಯ ಮೇಲೆ 1410ರ ಖಗೋಳ ಗಡಿಯಾರ ಇದೆ. ಗಂಟೆಗೊಮ್ಮೆ ಪಕ್ಕದ ಅಸ್ಥಿಪಂಜರ ಹಗ್ಗ ಎಳೆದು ಗಂಟೆ ಬಾರಿಸುತ್ತದೆ. ಮೇಲಿನ ಎರಡು ಕಿಟಕಿ ತೆರೆದು ಯೇಸುವಿನ ಹನ್ನೆರಡು ಶಿಷ್ಯರು ಒಬ್ಬೊಬ್ಬರಾಗಿ ಮುಖ ತೋರಿಸಿ ಹೋಗುತ್ತಾರೆ. ಕೊನೆಗೆ ಚಿನ್ನದ ಕೋಳಿ ಕೂಗುತ್ತದೆ. ಒಂದು ನಿಮಿಷದೊಳಗೆ ಎಲ್ಲ ಮುಗಿಯಿತು. ಜನ ಫೋನ್ ಜೇಬಿಗಿಟ್ಟು ಚದುರಿದರು.

ನಾವು ಅಲ್ಲೇ ನಿಂತೆವು. ನೋಡಬೇಕಾದದ್ದು ಗೊಂಬೆಗಳಿಗಿಂತ ಜಾಸ್ತಿ ಆ ಮುಖಫಲಕ. ಅದರಲ್ಲಿ ರಾಶಿಚಕ್ರದ ಉಂಗುರ ತಿರುಗುತ್ತದೆ. ಗಂಟೆ ಮುಳ್ಳಿನ ಮೇಲಿರುವ ಪುಟ್ಟ ಚಿನ್ನದ ಸೂರ್ಯ ಯಾವ ರಾಶಿಯಲ್ಲಿದ್ದಾನೆ ಅಂತ ಕಣ್ಣಾರೆ ಕಾಣುತ್ತದೆ. ಆ ದಿನ ತುಲಾ ರಾಶಿಗೆ ಬಂದಿದ್ದ. ನಮ್ಮ ಪಂಚಾಂಗದಲ್ಲಿ ಇನ್ನೂ ಕನ್ಯಾ. ಅವರು ಹಗಲು ರಾತ್ರಿ ಸಮವಾಗುವ ವಿಷುವದಿಂದ ಲೆಕ್ಕ ಹಾಕುತ್ತಾರೆ, ನಾವು ನಕ್ಷತ್ರಗಳಿಂದ. ಹೊರಗಿನ ಕಪ್ಪು ಉಂಗುರದ ಮೇಲೆ ಹಳೇ ಲಿಪಿಯಲ್ಲಿ ಒಂದರಿಂದ ಇಪ್ಪತ್ತನಾಲ್ಕರವರೆಗೆ ಅಂಕಿಗಳಿವೆ. ಅದು ಹಳೆಯ ಬೊಹೀಮಿಯಾದ, ಅಂದರೆ ಪ್ರಾಗ್ ಸುತ್ತಲಿನ ಚೆಕ್ ನಾಡಿನ ಕಾಲ. ಸೂರ್ಯ ಮುಳುಗಿದ ಮೇಲೆ ಅವರ ಹೊಸ ದಿನ ಶುರು. ನಮ್ಮಲ್ಲಿ ಸೂರ್ಯೋದಯದಿಂದ ಗಳಿಗೆ ಎಣಿಸುತ್ತಿದ್ದರಲ್ಲ, ಅದರ ತಿರುವುಮುರುವು. ಈ ಲೆಕ್ಕದಿಂದ ಒಂದು ಅನುಕೂಲ ಇತ್ತು: ಕತ್ತಲಾಗಲು ಇನ್ನೆಷ್ಟು ಹೊತ್ತಿದೆ ಅನ್ನುವುದು ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಮನೆಯಲ್ಲಿ ಅಜ್ಜ ಪಂಚಾಂಗ ಹಿಡಿದು ಹೇಳುತ್ತಿದ್ದುದನ್ನು ಇಲ್ಲಿ ಗೋಡೆಗೆ ಹಾಕಿ ಊರಿಗೆಲ್ಲ ತೋರಿಸಿದ್ದಾರೆ. ಅಷ್ಟೂ ಹೊತ್ತು ತಲೆ ಎತ್ತಿ ಕತ್ತು ನೋಯುತ್ತಿತ್ತು.

ಆಗ ಹುಬ್ಬಳ್ಳಿಯ ಗೆಳೆಯ ಪುರಭವನದ ಪಕ್ಕದಿಂದ ಕೂಗಿದ. "ಏ, ಇಲ್ಲಿ ಬರ್ರಿ. ನೆಲದ ಮ್ಯಾಲ ಏನೋ ಐತಿ."

ಹಾಸುಗಲ್ಲಿನಲ್ಲಿ ಬಿಳಿ ಶಿಲುಬೆಗಳು. ಎಣಿಸಿದೆವು, 27. ಬೊಹೀಮಿಯಾದ ಪ್ರಾಟೆಸ್ಟೆಂಟ್ ನಾಯಕರು ತಮ್ಮನ್ನಾಳುತ್ತಿದ್ದ ಕ್ಯಾಥೊಲಿಕ್ ಹ್ಯಾಬ್ಸ್‌ಬರ್ಗ್ ಮನೆತನದ ದೊರೆಯ ಮೇಲೆ ಬಂಡೆದ್ದರು. 1620ರಲ್ಲಿ ಬಿಳಿಗುಡ್ಡದ ಯುದ್ಧದಲ್ಲಿ ಸೋತರು. ಮರುವರ್ಷ ಜೂನ್ 21ರಂದು ಬಂಡೆದ್ದವರಲ್ಲಿ 27 ಜನರನ್ನು ಇದೇ ಜಾಗದಲ್ಲಿ ಕೊಂದರು. ನಾವು ನಿಂತಿದ್ದು ಅದರ ಮೇಲೆ. ನನ್ನ ಹೆಂಡತಿ ತಟ್ಟನೆ ಕಾಲು ತೆಗೆದಳು. ಅಲ್ಲಿಂದ ಮುಂದೆ ನಾಲ್ವರೂ ನೆಲ ನೋಡಿಕೊಂಡೇ ನಡೆದೆವು. ಗೋಪುರಗಳ ಊರು ಅಂತ ಹೆಸರಾದ ಪ್ರಾಗ್ ನನಗೆ ಹತ್ತಿರವಾದದ್ದು ಹೀಗೆ.

ಮಧ್ಯಾಹ್ನ 22ನೇ ನಂಬರಿನ ಟ್ರಾಮ್ ಹಿಡಿದು ಕೋಟೆಗೆ ಹೋದೆವು. ದೊಡ್ಡದು, ಚೆಂದದ್ದು, ಜನವೋ ಜನ. ಒಳಗಿನ ಸಂತ ವಿಟಸ್ ಕೆಥೆಡ್ರಲ್ ಕಟ್ಟಲು ಶುರು ಮಾಡಿದ್ದು 1344ರಲ್ಲಿ, ಮುಗಿದದ್ದು 1929ರಲ್ಲಿ. ಅಡಿಪಾಯ ಹಾಕಿದವರ ಎಷ್ಟನೇ ತಲೆಮಾರು ಕಳಸ ನೋಡಿತೋ!

ಕೋಟೆಯಿಂದ ಇಳಿದು ಸಂಜೆ ಚಾರ್ಲ್ಸ್ ಸೇತುವೆಗೆ ಬಂದೆವು. ಹಿಂದಿನ ಸೇತುವೆ 1342ರ ಪ್ರವಾಹದಲ್ಲಿ ಕೊಚ್ಚಿಹೋಗಿತ್ತು. ದೊರೆ ನಾಲ್ಕನೇ ಚಾರ್ಲ್ಸ್ 1357ರಲ್ಲಿ ಇದನ್ನು ಕಟ್ಟಿಸಲು ತೊಡಗಿದ. 1841ರವರೆಗೂ ನದಿ ದಾಟಲು ಊರಿಗಿದ್ದದ್ದು ಇದೊಂದೇ ಸೇತುವೆ. ಎರಡೂ ಬದಿ ಸೇರಿ 30 ಪ್ರತಿಮೆಗಳಿವೆ. ಸಂತ ನೆಪೊಮುಕ್‌ನ ಪೀಠದ ಫಲಕ ಮುಟ್ಟಿದರೆ ಒಳ್ಳೆಯದಾಗುತ್ತದೆ ಅಂತ ಸಾಲು ನಿಂತಿತ್ತು. ಸಾವಿರಾರು ಕೈ ಸವರಿ ಕಂಚು ಚಿನ್ನದ ಹಾಗೆ ಹೊಳೆಯುತ್ತಿತ್ತು. ನಮ್ಮೂರಲ್ಲಿ ನಂದಿಯ ಕಿವಿ ಹತ್ತಿರ ಕಲ್ಲು ನುಣುಪಾಗಿರುವುದಿಲ್ಲವೇ, ಅದೇ ಭಕ್ತಿ. ಆದರೆ ನೆಪೊಮುಕ್‌ನನ್ನು ಆಗಿನ ದೊರೆಯ ಆಜ್ಞೆಯಂತೆ 1393ರಲ್ಲಿ ನದಿಗೆ ತಳ್ಳಿದ ಜಾಗ ಅನ್ನುವುದು ಸ್ವಲ್ಪ ದೂರದಲ್ಲಿದೆ. ಅಡ್ಡಗೋಡೆಯ ಮೇಲೆ ಪುಟ್ಟ ಲೋಹದ ಶಿಲುಬೆ, ಅದರ ಜೊತೆ ಐದು ನಕ್ಷತ್ರ. ಹುಡುಕಿಕೊಂಡೇ ಹೋಗಬೇಕು.

ಸೇತುವೆಯ ಕೊನೆಗೆ ಹಳೇ ಪೇಟೆ ಕಡೆಯ ಗೋಪುರ. ಬೆಳಿಗ್ಗೆ ನೋಡಿದ ಆ 27 ಜನರಲ್ಲಿ ಹನ್ನೆರಡು ಜನರ ತಲೆಗಳನ್ನು ಇದರ ಮೇಲೆಯೇ ತೂಗುಹಾಕಿದ್ದರು. ಕೆಳಗೆ ಒಬ್ಬ ಪಿಟೀಲು ನುಡಿಸುತ್ತಿದ್ದ.

ಊಟಕ್ಕೆ ಆಲೂಗಡ್ಡೆ ಸೂಪು ಮತ್ತು ಕರಿದ ಚೀಸ್. ಮಾಂಸ ತಿನ್ನದ ಶಿವಮೊಗ್ಗದ ಗೆಳತಿಗೆ ಅದೇ ಗತಿ. ಸೂಪಿಗೆ ಮಾಂಸ ಹಾಕಿದ್ದಾರಾ ಅಂತ ಕೇಳಿಯೇ ತಿನ್ನಿ. ಬಿಸಿಬಿಸಿ, ಅಣಬೆಯ ಘಮ. ಆ ಚಳಿಗೆ ಹಿತವಾಗಿತ್ತು.

ರಾತ್ರಿ ವೆನ್ಸೆಸ್ಲಾಸ್ ಚೌಕದಲ್ಲಿ ನಡೆಯುವಾಗ ಹೆಂಡತಿ ನಿಂತುಬಿಟ್ಟಳು. "ರೀ, ಬಾಟಾ!" ಗಾಜಿನ ಎತ್ತರದ ಕಟ್ಟಡ, ಮೇಲೆ ಅದೇ ಕೆಂಪು ಅಕ್ಷರ. ಶಾಲೆ ಶುರುವಾಗುವ ಮುಂಚೆ ಅಪ್ಪ ಕೊಡಿಸುತ್ತಿದ್ದ ಕರಿ ಶೂ ನಮ್ಮ ದೇಶದ್ದೇ ಅಂತ ನಂಬಿ ಬೆಳೆದವರು ನಾವು. ಬಾಟಾ 1894ರಲ್ಲಿ ಶುರುವಾದದ್ದು ಇದೇ ದೇಶದ ಜ್ಲೀನ್ ಊರಿನಲ್ಲಿ.

ಚೌಕದ ಮೇಲ್ತುದಿಯಲ್ಲಿ ರಾಷ್ಟ್ರೀಯ ಮ್ಯೂಸಿಯಂ. ಅದರ ಮುಂದೆ ನೆಲದಲ್ಲಿ ಕಂಚಿನ ಶಿಲುಬೆಯೊಂದು ಮಲಗಿದೆ. ಕೆಳಗಿನಿಂದ ಯಾರೋ ಏಳಲು ನೋಡಿದ ಹಾಗೆ ಸುತ್ತಲಿನ ಕಲ್ಲುಹಾಸು ಉಬ್ಬಿದೆ. 1968ರಲ್ಲಿ ಸೋವಿಯತ್ ಸೇನೆ ಊರಿಗೆ ನುಗ್ಗಿತ್ತು. ಮರುವರ್ಷ ಜನವರಿ 16ರಂದು ಯಾನ್ ಪಾಲಾಖ್ ಎಂಬ ವಿದ್ಯಾರ್ಥಿ ಇಲ್ಲಿ ಮೈಗೆ ಬೆಂಕಿ ಹಚ್ಚಿಕೊಂಡ. ಜನ ಸೋತು ಸುಮ್ಮನಾಗಬಾರದು ಅನ್ನುವುದು ಅವನ ಕೂಗಾಗಿತ್ತು. ಮೂರು ದಿನಕ್ಕೆ ತೀರಿಕೊಂಡ. ಇಪ್ಪತ್ತು ವರ್ಷದ ಹುಡುಗ. 1989ರಲ್ಲಿ ಇದೇ ಚೌಕದಲ್ಲಿ ಲಕ್ಷಾಂತರ ಜನ ಬೀಗದ ಕೈ ಅಲ್ಲಾಡಿಸಿ ಸದ್ದು ಮಾಡುತ್ತ ಕಮ್ಯುನಿಸ್ಟ್ ಸರ್ಕಾರವನ್ನು ಇಳಿಸಿದರು. ಶಿಲುಬೆಯ ಮೇಲೆ ಯಾರೋ ಇಟ್ಟ ಮೇಣದ ದೀಪ ಉರಿಯುತ್ತಿತ್ತು. ನಮ್ಮ ವಯಸ್ಸಿನ ಲೆಕ್ಕ ಹಾಕಿಕೊಂಡು ನಾವು ಮಾತಾಡಲಿಲ್ಲ.

ಭಾನುವಾರ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಯಹೂದಿ ಕೇರಿಯ ಪ್ರಾರ್ಥನಾ ಮಂದಿರ ಪಿಂಕಾಸ್ ಸಿನಗಾಗ್ ಮುಂದಿದ್ದೆವು. ಒಳಗೆ ಯಾವ ಅಲಂಕಾರವೂ ಇಲ್ಲ. ಗೋಡೆ ತುಂಬ ಹೆಸರುಗಳು. ನಾಜಿಗಳು ಕೊಂದ ಬೊಹೀಮಿಯಾ, ಪಕ್ಕದ ಮೊರಾವಿಯಾದ ಸುಮಾರು 78,000 ಯಹೂದಿಗಳ ಹೆಸರು. ಕೈಯಲ್ಲೇ ಬರೆದದ್ದು. ಮನೆತನದ ಹೆಸರು ಕೆಂಪು, ಆಮೇಲೆ ವ್ಯಕ್ತಿಯ ಹೆಸರು, ಹುಟ್ಟಿದ ದಿನ, ಕೊನೆಯ ಸುಳಿವಿನ ದಿನ, ಎಲ್ಲ ಕಪ್ಪು. ಒಂದೇ ಮನೆತನದ ಕೆಳಗೆ ಐದಾರು ಹೆಸರು. ಹುಟ್ಟಿದ ವರ್ಷ 1938, ಕೊನೆಯದು 1942. ನಾಲ್ಕು ವರ್ಷದ ಮಗು ಅಲ್ವಾ? 1950ರ ದಶಕದಲ್ಲಿ ಇಬ್ಬರು ಚಿತ್ರಕಾರರು ಇದನ್ನೆಲ್ಲ ಬರೆದರು. ಆಮೇಲೆ ಗೋಡೆಗೆ ನೀರು ಏರಿ ಕಟ್ಟಡ ವರ್ಷಗಟ್ಟಲೆ ಮುಚ್ಚಿತ್ತು. ಅಳಿದ ಹೆಸರುಗಳನ್ನು 1990ರ ದಶಕದಲ್ಲಿ ಮತ್ತೆ ಒಂದೊಂದಾಗಿ ಬರೆದರು.

ಮಹಡಿಯ ಮೇಲೆ, ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ತೆರೆಜಿನ್ ಶಿಬಿರದ ಮಕ್ಕಳ ಚಿತ್ರಗಳು. ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಎಂಬ ಕಲಾವಿದೆ ಅಲ್ಲಿ ಗುಟ್ಟಾಗಿ ಚಿತ್ರ ಕಲಿಸುತ್ತಿದ್ದಳು. ಕೊಲ್ಲುವ ಶಿಬಿರವಾದ ಆಶ್ವಿಟ್ಜ್‌ಗೆ ಹೋಗುವ ಮುಂಚೆ ನಾಲ್ಕು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಎರಡು ಸೂಟ್‌ಕೇಸ್‌ಗಳಲ್ಲಿ ಬಚ್ಚಿಟ್ಟಳು. ಚಿಟ್ಟೆ, ಮನೆ, ಹೂವು. ಶಿವಮೊಗ್ಗದ ಗೆಳತಿ ಅಲ್ಲಿಂದ ಬೇಗ ಹೊರಗೆ ಬಂದು ಬೆಂಚಿನ ಮೇಲೆ ಕೂತಳು. ಪಕ್ಕದ ಸ್ಮಶಾನದಲ್ಲಿ ಜಾಗ ಸಾಲದೆ ಗೋರಿಯ ಮೇಲೆ ಮಣ್ಣು ಹಾಕಿ ಮತ್ತೆ ಹೂಳಿದ್ದಾರೆ. ಕೆಲವು ಕಡೆ ಹನ್ನೆರಡು ಪದರ. ಮೇಲಿನ ಕಲ್ಲುಗಳು ಒಂದಕ್ಕೊಂದು ಒರಗಿ ನಿಂತಿವೆ.

ರೈಲಿಗೆ ಇನ್ನೂ ಹೊತ್ತಿತ್ತು. ಮತ್ತೆ ಹಳೇ ಪೇಟೆಯ ಚೌಕಕ್ಕೆ ಬಂದೆವು. ಅಲ್ಲಿ ಹಿತ್ತಾಳೆಯ ಒಂದು ಪಟ್ಟಿ ಹಾಸುಗಲ್ಲಿನ ನಡುವೆ ನೇರ ಹೋಗಿದೆ. ಪ್ರಾಗ್‌ನ ಮಧ್ಯಾಹ್ನರೇಖೆ. ಹತ್ತಿರದ ಮೇರಿ ಕಂಬದ ನೆರಳು ಇದರ ಮೇಲೆ ಬಿದ್ದರೆ ಊರಿಗೆ ಮಧ್ಯಾಹ್ನ. ಕಂಬವನ್ನು 1918ರಲ್ಲಿ ಉರುಳಿಸಿದ್ದರು. 2020ರಲ್ಲಿ ಅದೇ ಜಾಗದಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಆಚೆ ಒಂದು ಗಂಟೆಯ ಗೊಂಬೆಗಳಿಗೆ ಜನ ಗಡಿಯಾರದ ಮುಂದೆ ಸೇರುತ್ತಿದ್ದರು. ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಬೇಸಿಗೆ ಸಮಯ ನಡೆಯುತ್ತಿದ್ದರಿಂದ ನಿಜವಾದ ಮಧ್ಯಾಹ್ನ ಒಂದಕ್ಕೆ ಸ್ವಲ್ಪ ಮುಂಚೆ. ನಾವು ನಾಲ್ವರೂ ನೆಲ ನೋಡುತ್ತ ಕಾದೆವು. ನೆರಳು ಮೆಲ್ಲಗೆ ಸರಿಯಿತು. ಹಿತ್ತಾಳೆ ಪಟ್ಟಿಯ ಹೊಳಪು ಆರಿತು.

"ಬಂತ್ ನೋಡ್ರಿ," ಅಂದ ಗೆಳೆಯ. ಬ್ಯಾಗು ಹೆಗಲಿಗೇರಿಸಿ ಸ್ಟೇಷನ್ ದಾರಿ ಹಿಡಿದೆವು.